ಹೆರ್ ಹೊಸಹಳ್ಳಿ

ನನ್ನ ಹೆಸರು ಮಂಜುನಾಥ. ಮನೆಯಲ್ಲಿ ಮಂಜ. ಸ್ಕೂಲಿನ ಹಾಜರಿ ಪುಸ್ತಕದಲ್ಲಿ ಮಂಜುನಾಥ ಎಚ್.ಎಸ್. ಆದರೆ ಜರ್ಮನಿಯ ಸ್ಟುಟ್‌ಗಾರ್ಟ್ ಊರಿನ ಒಂದು ಹಳೇ ಕಟ್ಟಡದ ಬಾಗಿಲಿನ ಪಕ್ಕ ಎಂಟು ಬೆಲ್ ಗುಂಡಿಗಳಿವೆ. ಮೇಲಿನಿಂದ ಮೂರನೆಯದರ ಮುಂದೆ ‘ಹೊಸಹಳ್ಳಿ’ ಅಂತ ಬರೆದಿದೆ. ಅದು ನಾನೇ.

ಆಗಿದ್ದಿಷ್ಟು. ಪಾಸ್‌ಪೋರ್ಟ್ ಅರ್ಜಿಯಲ್ಲಿ ಸರ್‌ನೇಮ್ ಅಂತ ಒಂದು ಜಾಗ ಖಾಲಿ ಇತ್ತು. ನಮ್ಮ ಮನೆಯಲ್ಲಿ ಯಾರಿಗೂ ಸರ್‌ನೇಮ್ ಇಲ್ಲ. ಇರುವುದೆಲ್ಲ ಇನಿಷಿಯಲ್ಲು. ಎಚ್ ಅಂದರೆ ಊರು, ಎಸ್ ಅಂದರೆ ಅಪ್ಪ. ಅರ್ಜಿ ತುಂಬುತ್ತಿದ್ದ ಸೈಬರ್ ಸೆಂಟರಿನ ಹುಡುಗ, ‘ಖಾಲಿ ಬಿಡೋದು ಬೇಡ ಸಾರ್, ಎಚ್ ಬಿಡಿಸಿ ಬರೆದುಬಿಡೋಣ’ ಅಂದ. ಸರಿ ಅಂದೆ. ಆ ಹೊಸಹಳ್ಳಿಯನ್ನು ನಾನು ನೋಡಿಲ್ಲ. ಅಪ್ಪನೂ ನೋಡಿಲ್ಲ. ಮುತ್ತಜ್ಜ ಯಾವ ಕಾಲದಲ್ಲೋ ಬಿಟ್ಟು ಬಂದ ಊರು. ಮಂಡ್ಯದ ಕಡೆ ಅಂತ ಅಪ್ಪ ಹೇಳುತ್ತಾರೆ, ಹಾಸನದ ಕಡೆ ಅಂತ ಸೋದರತ್ತೆ. ಮುತ್ತಜ್ಜನಿಗೆ ಬೇಡವಾದ ಊರು ಈಗ ನನ್ನ ಬೆಲ್ಲಿನ ಮೇಲೆ ಕೂತಿದೆ.

ಜರ್ಮನಿಯಲ್ಲಿ ಈ ಬೆಲ್ಲಿನ ಹೆಸರಿಗೆ ಇರುವ ಬೆಲೆ ನನಗೆ ಮೊದಲು ಗೊತ್ತಿರಲಿಲ್ಲ. ನಮ್ಮ ಬೆಂಗಳೂರಿನ ವಿಳಾಸ ಅಂದರೆ ಒಂದು ಪುಟ್ಟ ಕಥೆ ಅಲ್ವಾ? ಮನೆ ನಂಬರ್ ಇಷ್ಟು, ಎರಡನೇ ಮಹಡಿ, ಮೂರನೇ ಕ್ರಾಸ್, ಗಣೇಶನ ಗುಡಿ ಹಿಂಭಾಗ. ಅಲ್ಲಿ ಬೀದಿ ಹೆಸರು, ಕಟ್ಟಡದ ನಂಬರು, ಅಷ್ಟೇ. ಒಳಗಿನ ಮನೆಗಳಿಗೆ ಸಾಮಾನ್ಯವಾಗಿ ನಂಬರೇ ಇರುವುದಿಲ್ಲ. ಯಾರು ಎಲ್ಲಿದ್ದಾರೆ ಅಂತ ಹೇಳುವುದು ಬೆಲ್ಲಿನ ಮೇಲಿನ ಹೆಸರು, ಟಪಾಲು ಡಬ್ಬಿಯ ಮೇಲಿನ ಹೆಸರು. ಮನೆ ಸೇರಿದ ಮೊದಲ ವಾರ ನಾನು ಹೆಸರು ಹಾಕಿರಲಿಲ್ಲ. ಬ್ಯಾಂಕಿನವರು ಕಳಿಸಿದ ಪಿನ್ ನಂಬರಿನ ಕಾಗದ, ಇಂಥವರು ಇಲ್ಲಿಲ್ಲ ಅಂತ ವಾಪಸ್ಸು ಹೋಯಿತು. ನಾನು ಒಳಗೆ ಚಾಪೆ ಮೇಲೆ ಕೂತು ಅವಲಕ್ಕಿ ತಿನ್ನುತ್ತಿದ್ದೆ. ಬಾಡಿಗೆ ಕೊಟ್ಟಿದ್ದೆ, ಬೀಗದ ಕೈ ಜೇಬಿನಲ್ಲಿತ್ತು, ಆದರೂ ನಾನು ಅಲ್ಲಿರಲಿಲ್ಲ.

ಪಕ್ಕದ ಆಸ್ಟ್ರಿಯಾದಲ್ಲಿ 2018ರಲ್ಲಿ ಇದೇ ಒಂದು ದೊಡ್ಡ ಗಲಾಟೆಯಾಯಿತು. ಯುರೋಪಿನ ಹೊಸ ಖಾಸಗಿ ಮಾಹಿತಿ ಕಾನೂನಿಗೆ ಹೆದರಿ, ವಿಯೆನ್ನಾ ನಗರದ ವಸತಿ ಇಲಾಖೆ ತನ್ನ ಸುಮಾರು 2 ಲಕ್ಷ 20 ಸಾವಿರ ಬಾಡಿಗೆ ಮನೆಗಳ ಬೆಲ್ಲಿನಿಂದ ಹೆಸರು ತೆಗೆದು ನಂಬರ್ ಹಾಕಲು ಹೊರಟಿತು. ನಮಗೆ ಅದರಲ್ಲೇನಿದೆ ಅನ್ನಿಸುತ್ತದೆ. ನಂಬರ್ ಇದ್ದರೆ ಒಳ್ಳೆಯದೇ ಅಲ್ವಾ? ಆದರೆ ಜರ್ಮನಿಯಲ್ಲೂ ಜನ ಗಾಬರಿಯಾದರು. ಹೆಸರು ಹೋದರೆ ನಾವೆಲ್ಲಿ ಅಂತ.

ಆ ಹೆಸರು ಬೆಲ್ಲಿಗೆ ಏರುವ ತನಕ ಪಟ್ಟ ಪಾಡು ಬೇರೆ. ಸ್ಟುಟ್‌ಗಾರ್ಟ್ ಒಂದು ಬಾಣಲೆಯಂಥ ಊರು. ನಡುವೆ ತಗ್ಗು, ಸುತ್ತ ಗುಡ್ಡ, ಗುಡ್ಡದ ಮೇಲೆ ದ್ರಾಕ್ಷಿ ತೋಟ. ಗುಡ್ಡ ಹತ್ತಲು 400ಕ್ಕೂ ಜಾಸ್ತಿ ಮೆಟ್ಟಿಲ ದಾರಿಗಳಿವೆ. ಅದರಲ್ಲಿ ಅರ್ಧದಷ್ಟನ್ನು ನಾನು ಮನೆ ಹುಡುಕುತ್ತಲೇ ಹತ್ತಿದ್ದೇನೆ ಅಂತ ನನ್ನ ಮಂಡಿ ಹೇಳುತ್ತದೆ. ಬಾಷ್ ಕಂಪನಿ 1886ರಲ್ಲಿ ಹುಟ್ಟಿದ ಊರು ಅದು. ಬೆಂಗಳೂರಲ್ಲಿ ಅದನ್ನೇ ಮೈಕೋ ಅಂತ ಕರೆಯುತ್ತಿದ್ದೆವಲ್ಲ, ಅದು. ಕಾರು, ಬಿಡಿಭಾಗ, ಸಾಫ್ಟ್‌ವೇರ್ ಅಂತ ಕನ್ನಡದವರು ಅಲ್ಲಿಗೆ ಹೋಗುತ್ತಲೇ ಇರುತ್ತಾರೆ. ಹಾಗಾಗಿ ಮನೆ ನೋಡಲು ಮೆಟ್ಟಿಲ ಮೇಲೆ ಸಾಲು ನಿಂತ ಮೂವತ್ತು ಜನರಲ್ಲಿ ಒಬ್ಬರಾದರೂ ‘ಏನ್ರೀ, ನೀವೂನಾ’ ಅನ್ನುವವರು ಸಿಗುತ್ತಾರೆ. ಖುಷಿಯೂ ಆಗುತ್ತದೆ, ಹೊಟ್ಟೆಕಿಚ್ಚೂ ಆಗುತ್ತದೆ. ಮನೆ ಒಂದೇ ಇರುವುದು ನೋಡಿ.

ನಮ್ಮಲ್ಲಿ ಓನರ್ ಬಾಯಲ್ಲೇ ಎಲ್ಲ ಕೇಳಿ ಮುಗಿಸುತ್ತಾರೆ. ಯಾವ ಕಡೆಯವರು, ಎಷ್ಟು ಜನ, ನಾನ್‌ವೆಜ್ ಮಾಡ್ತೀರಾ. ಅಲ್ಲಿ ಯಾರೂ ಏನೂ ಕೇಳುವುದಿಲ್ಲ. ಕಾಗದ ಕೇಳುತ್ತಾರೆ. ಮೂರು ತಿಂಗಳ ಸಂಬಳದ ಚೀಟಿ, ಕೆಲಸದ ಕರಾರು, ಶೂಫಾ. ಶೂಫಾ ಅಂದರೆ ನಮ್ಮ ಸಿಬಿಲ್ ಸ್ಕೋರಿನ ಹಾಗೆ, ಆದರೆ 1927ರಿಂದ ನಡೆದು ಬಂದದ್ದು. ಸಾಲ ತೀರಿಸುವ ಆಸಾಮಿಯೋ ಅಲ್ಲವೋ ಅಂತ ಅದು ಹೇಳುತ್ತದೆ. ಮೊನ್ನೆ ತಾನೇ ವಿಮಾನ ಇಳಿದವನ ಬಗ್ಗೆ ಅದು ಏನು ಹೇಳೀತು? ನನ್ನ ಶೂಫಾ ಹಸುಗೂಸಿನ ಜಾತಕದ ಹಾಗಿತ್ತು.

ಇನ್ನೊಂದು ಕಾಗದದ ಹೆಸರು ಮೀಟ್‌ಶುಲ್ಡೆನ್‌ಫ್ರೈಹೈಟ್ಸ್‌ಬೆಶೈನಿಗುಂಗ್. ಉಸಿರು ತೆಗೆದುಕೊಳ್ಳಿ. ಈ ಮನುಷ್ಯ ಬಾಡಿಗೆ ಬಾಕಿ ಇಟ್ಟುಕೊಂಡಿಲ್ಲ ಅಂತ ಹಳೇ ಓನರ್ ಬರೆದುಕೊಡುವ ಪತ್ರ. ನನ್ನ ಹಳೇ ಓನರ್ ಅಂದರೆ ಬೆಂಗಳೂರಿನ ಬನಶಂಕರಿಯ ಆಂಟಿ. ಪತ್ರ ನಾನೇ ಇಂಗ್ಲಿಷಿನಲ್ಲಿ ಬರೆದು, ಸಹಿ ಹಾಕಿಸಿಕೊಳ್ಳಲು ತಮ್ಮನನ್ನು ಕಳಿಸಿದೆ. ಆಂಟಿ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರಂತೆ. ಆಮೇಲೆ ನನಗೇ ಫೋನ್ ಮಾಡಿದರು. ‘ಮಂಜುನಾಥಾ, ನೀನು ಒಳ್ಳೆ ಹುಡುಗಾನೇ. ಆದ್ರೂ ಕೇಳ್ತೀನಿ ಬೇಜಾರು ಮಾಡ್ಕೋಬೇಡ. ಇದರಲ್ಲಿ ನಮ್ಮನೆ ಬರೆಸ್ಕೊಂಡಿಲ್ಲ ತಾನೇ?’

ಅಡ್ವಾನ್ಸಿನ ವಿಷಯದಲ್ಲಿ ಮಾತ್ರ ಜರ್ಮನಿಗೆ ಕೈ ಮುಗಿಯಬೇಕು. ಮೂರು ತಿಂಗಳ ಬಾಡಿಗೆಗಿಂತ ಜಾಸ್ತಿ ಕೇಳುವ ಹಾಗಿಲ್ಲ, ಅದನ್ನೂ ಮೂರು ಕಂತಿನಲ್ಲಿ ಕೊಡಬಹುದು. ಕಾನೂನೇ ಹಾಗಿದೆ. ಹತ್ತು ತಿಂಗಳ ಅಡ್ವಾನ್ಸು ಎಣಿಸಿ ಕೊಟ್ಟು ಅಭ್ಯಾಸವಾದವನಿಗೆ ಇದು ತಮಾಷೆಯ ಹಾಗೆ ಕೇಳಿಸಿತು. ಬ್ರೋಕರ್ ಕಮಿಷನ್ನೂ ಅಷ್ಟೇ. 2015ರಿಂದ ಬ್ರೋಕರನ್ನು ಯಾರು ಗೊತ್ತು ಮಾಡಿದರೋ ಅವರೇ ಕೊಡಬೇಕು. ಬಾಡಿಗೆಯಲ್ಲಿ ಮಾತ್ರ ಎರಡು ಜಾತಿ, ತಣ್ಣನೆಯದು ಮತ್ತು ಬಿಸಿಯದು. ತಣ್ಣನೆಯದು ಬರೀ ಗೋಡೆಗೆ. ನೀರು, ಕಸ, ಚಳಿಗಾಲದ ಕಾವು ಸೇರಿದರೆ ಬಿಸಿ ಬಾಡಿಗೆ. ಜಾಹೀರಾತಿನಲ್ಲಿ ನಾನು ತಣ್ಣನೆಯದನ್ನೇ ನೋಡಿ ಲೆಕ್ಕ ಹಾಕಿದ್ದೆ. ಬೆಚ್ಚಗಾಯಿತು.

ಎಸ್ಲಿಂಗೆನ್ ಅಂತ ಪಕ್ಕದಲ್ಲೊಂದು ಊರಿದೆ. ಅಲ್ಲೂ ಒಂದು ಮನೆ ನೋಡಿ, ಅದೂ ಕೈತಪ್ಪಿ, ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತಿದ್ದಾಗ ನೆನಪಾಯಿತು. 1843ರಲ್ಲಿ ‘ಮಂಗಳೂರ ಸಮಾಚಾರ’ ಶುರು ಮಾಡಿದ ಹರ್ಮನ್ ಮೊಗ್ಲಿಂಗ್ ಕೊನೆಯುಸಿರೆಳೆದದ್ದು ಇದೇ ಊರಲ್ಲಿ, 1881ರಲ್ಲಿ. ಕನ್ನಡದ ಮೊದಲ ಪತ್ರಿಕೆ ಮಾಡಿದ ಪಾದ್ರಿ. ಸ್ವಲ್ಪ ದೂರದ ಟ್ಯೂಬಿಂಗೆನ್‌ನಲ್ಲಿ ನಿಘಂಟಿನ ಕಿಟೆಲ್ ತೀರಿಕೊಂಡರು. ಈ ದೇಶದವರು ನಮ್ಮೂರಿಗೆ ಬಂದು ನಮ್ಮ ಭಾಷೆ ಕಲಿತು, ಪತ್ರಿಕೆ ಹೊರಡಿಸಿ, ಪದಗಳನ್ನು ಆರಿಸಿ ಜೋಡಿಸಿಟ್ಟು ಹೋದರು. ನನಗೆ ಎರಡು ಕೋಣೆಯ ಒಂದು ಮನೆ ಸಿಗುತ್ತಿಲ್ಲ. ಮೊಗ್ಲಿಂಗರನ್ನು ಮಂಗಳೂರಲ್ಲಿ ಯಾರಾದರೂ ಮೂರು ತಿಂಗಳ ಸಂಬಳದ ಚೀಟಿ ಕೇಳಿದ್ದರೇ? ಕೇಳಿದ್ದರೆ ‘ಸಮಾಚಾರ’ದಲ್ಲಿ ಹಾಕುತ್ತಿದ್ದರೇನೋ.

ಕೊನೆಗೂ ಮನೆ ಸಿಕ್ಕಿತು. ಕರಾರಿಗೆ ಸಹಿ ಹಾಕಿ, ನಾನೂ ಹೆಂಡತಿ ಸುಮಾನೂ ಬಾಗಿಲು ತೆಗೆದೆವು. ಅಡುಗೆಮನೆ ಇರಲಿಲ್ಲ.

ಅಂದರೆ ಕೋಣೆ ಇತ್ತು. ಒಂದು ಗೋಡೆಯಲ್ಲಿ ಎರಡು ನಲ್ಲಿ ಪೈಪು ಮೂತಿ ಚಾಚಿದ್ದವು. ಸಿಂಕಿಲ್ಲ, ಕಟ್ಟೆಯಿಲ್ಲ, ಒಲೆಯಿಲ್ಲ, ಗೂಡಿಲ್ಲ. ಚಾವಣಿಯಿಂದ ವೈರು ನೇತಾಡುತ್ತಿತ್ತು, ಬಲ್ಬಿನ ಹೋಲ್ಡರೂ ಇಲ್ಲ. ಕಳ್ಳರು ಬಂದಿದ್ದರಾ ಅಂತ ಸುಮಾ ಕೇಳಿದಳು. ಇಲ್ಲ, ಹಳೇ ಬಾಡಿಗೆದಾರರು ಬಂದಿದ್ದರು. ಅಲ್ಲಿ ಎಷ್ಟೋ ಮನೆಗಳಲ್ಲಿ ಅಡುಗೆಮನೆಯ ಸಾಮಾನು ಬಾಡಿಗೆಯವನ ಸ್ವಂತದ್ದು. ಮನೆ ಬಿಡುವಾಗ ಮಂಚ, ಬೀರು ಒಯ್ಯುವ ಹಾಗೆ ಸಿಂಕು, ಕಟ್ಟೆಯನ್ನೂ ಬಿಚ್ಚಿ ಒಯ್ಯುತ್ತಾರೆ. ಇಲ್ಲವೇ ಹೊಸಬರಿಗೆ ಮಾರುತ್ತಾರೆ. ‘ಅಡುಗೆಮನೆ ಕೊಳ್ಳುತ್ತೀರಾ’ ಅಂತ ಆ ಮನುಷ್ಯ ಮೊದಲೇ ಮೇಲ್ ಮಾಡಿದ್ದ. ಯಾವುದೋ ಮೋಸದ ಮೇಲ್ ಅಂದುಕೊಂಡು ನಾನು ಅಳಿಸಿ ಹಾಕಿದ್ದೆ.

ಈಗ ಹಾಲು ಉಕ್ಕಿಸುವುದು ಎಲ್ಲಿ? ಹಾಲುಕ್ಕಿಸದೆ ಆ ಮನೆಯಲ್ಲಿ ಮಲಗುವುದಿಲ್ಲ ಅಂತ ಸುಮಾ ಹೇಳಿಬಿಟ್ಟಳು. ಆಫೀಸಿನ ಗೆಳೆಯನಿಂದ ಒಂದು ಇಂಡಕ್ಷನ್ ಒಲೆ ತಂದೆ. ಅದನ್ನು ಅಡುಗೆಮನೆ ಅನ್ನಿಸಿಕೊಂಡ ಕೋಣೆಯ ನಟ್ಟನಡುವೆ ನೆಲದ ಮೇಲಿಟ್ಟು, ಪಾತ್ರೆಗೆ ಕುಂಕುಮವಿಟ್ಟು, ಇಬ್ಬರೂ ಕುಕ್ಕರಗಾಲಿನಲ್ಲಿ ಕೂತು ಕಾದೆವು. ಕಾರಿಡಾರಿನ ಚಾವಣಿಯಲ್ಲಿ ಹೊಗೆ ಅಲಾರಂ ಇತ್ತು. ಆ ರಾಜ್ಯದಲ್ಲಿ ಮನೆಮನೆಗೂ ಅದು ಕಡ್ಡಾಯ. ಊದುಬತ್ತಿ ಹಚ್ಚಲು ಧೈರ್ಯ ಬರಲಿಲ್ಲ. ಹಾಲು ಉಬ್ಬಿತು, ತುಳುಕಿತು. ಒಲೆ ಕುಂಯ್ ಅಂದು ಆರಿಹೋಯಿತು. ಅದೇ ಹೊತ್ತಿಗೆ ಬೆಲ್ ಹೊಡೆಯಿತು.

ಬಾಗಿಲಲ್ಲಿ ಕೆಳಗಿನ ಮನೆಯ ಅಜ್ಜಿ. ಕೈಯಲ್ಲಿ ಒಂದು ದುಂಡು ಬ್ರೆಡ್ಡು, ಬಟ್ಟಲಲ್ಲಿ ಉಪ್ಪು. ಹೊಸದಾಗಿ ಮನೆಗೆ ಬಂದವರಿಗೆ ಬ್ರೆಡ್ಡು, ಉಪ್ಪು ಕೊಡುವುದು ಅವರ ಪದ್ಧತಿ. ಅಜ್ಜಿ ಉಪ್ಪಿನ ಬಟ್ಟಲನ್ನು ಸುಮಾಳ ಕಡೆ ಚಾಚಿದರು. ಸುಮಾ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು. ‘ರೀ, ಉಪ್ಪು ಕೈಯಿಂದ ಕೈಗೆ ತಗೋಬಾರದು, ಜಗಳ ಆಗುತ್ತೆ. ಕೆಳಗಿಡೋಕೆ ಹೇಳ್ರೀ.’ ನಾನು ನನಗೆ ಬರುವ ಎರಡು ಜರ್ಮನ್ ಪದ ಹೇಳಿದೆ: ‘ಬಿಟ್ಟೆ, ಟಿಶ್.’ ದಯವಿಟ್ಟು, ಮೇಜು. ಮನೆಯಲ್ಲಿ ಮೇಜಿರಲಿಲ್ಲ. ಅಜ್ಜಿ ಸುತ್ತ ನೋಡಿದರು. ಕೊನೆಗೆ ಉಪ್ಪು ನಮ್ಮ ಸೂಟ್‌ಕೇಸಿನ ಮೇಲೆ ಕೂತಿತು. ಅಜ್ಜಿ ನೆಲದ ಮೇಲೆ ಚೆಲ್ಲಿದ್ದ ಹಾಲನ್ನೂ ನೋಡಿದರು. ಪಾಪ, ಏನೂ ಕೇಳಲಿಲ್ಲ. ಕೆಳಗೆ ಹೋಗಿ ನೆಲ ಒರೆಸುವ ಬಟ್ಟೆ ತಂದುಕೊಟ್ಟರು.

ಬಟ್ಟೆಯ ನಿಜವಾದ ಅರ್ಥ ನನಗೆ ಆಮೇಲೆ ತಿಳಿಯಿತು. ಒಂದು ಸೋಮವಾರ ನಮ್ಮ ಬಾಗಿಲ ಹಿಡಿಗೆ ಒಂದು ಮರದ ಹಲಗೆ ನೇತುಬಿದ್ದಿತ್ತು. ‘ಕೇರ್‌ವೊಖೆ.’ ಗುಡಿಸುವ ವಾರ. ನಮ್ಮಲ್ಲಿ ಕೇರುವುದು ಮೊರದಲ್ಲಿ, ಅವರಲ್ಲಿ ಕೇರುವುದು ಪೊರಕೆಯಲ್ಲಿ. ಹಲಗೆ ಯಾರ ಬಾಗಿಲಿಗೆ ಬರುತ್ತದೋ ಆ ವಾರ ಮೆಟ್ಟಿಲು ಗುಡಿಸಿ ಒರೆಸುವುದು ಅವರ ಪಾಲು. ಇದು ಆ ಸೀಮೆಯ ಹಳೇ ಚಾಳಿ. 1492ರಲ್ಲೇ ಅಲ್ಲಿನ ದೊರೆ ಎಬರ್‌ಹಾರ್ಡ್, ಊರಿನವರು ತಮ್ಮ ತಮ್ಮ ಕೊಳೆಯನ್ನು ವಾರವಾರ ಸಾಗಿಸಬೇಕು ಅಂತ ಕಟ್ಟಳೆ ಮಾಡಿದ್ದ. ನಗರದ ಕಾನೂನು 1988ರಲ್ಲಿ ಹೋಯಿತು. ಹಲಗೆ ಹೋಗಲಿಲ್ಲ. ಅದು ಬಾಡಿಗೆ ಕರಾರಿನೊಳಗೆ ಸೇರಿಕೊಂಡು ಬದುಕಿದೆ.

ನಾನು ಮೆಟ್ಟಿಲು ಒರೆಸುತ್ತಿದ್ದರೆ ಅಜ್ಜಿ ಬಾಗಿಲು ಸಂದಿಯಲ್ಲಿ ನಿಂತು ನೋಡುತ್ತಿದ್ದರು. ಮೂಲೆ ಬಿಟ್ಟರೆ ‘ಹೆರ್ ಹೊಸಹಳ್ಳಿ’ ಅಂತ ಕರೆದು ಬೆರಳು ತೋರಿಸುತ್ತಿದ್ದರು. ಹೆರ್ ಅಂದರೆ ಶ್ರೀಯುತ. ಅವರ ಬಾಯಲ್ಲಿ ಅದು ‘ಹೋಝಹಲ್ಲಿ’. ಹೋಝೆ ಅಂದರೆ ಜರ್ಮನಿನಲ್ಲಿ ಪ್ಯಾಂಟು. ಹಾಗಾಗಿ ಹೆಸರಿನ ಅರ್ಥ ಏನು ಅಂತ ಅವರಿಗೆ ಮೊದಲಿಂದ ಕುತೂಹಲ. ಒಂದು ದಿನ ಬಕೆಟ್ಟು ಕೆಳಗಿಟ್ಟು ಬಿಡಿಸಿ ಹೇಳಿದೆ. ಹೊಸ ಅಂದರೆ ನೊಯ್, ಹಳ್ಳಿ ಅಂದರೆ ಡೋರ್ಫ್. ಅಜ್ಜಿ ಮುಖ ಅರಳಿತು. ‘ನೊಯ್‌ಡೋರ್ಫ್! ಆ ಹೆಸರಿನ ಊರು ನಮ್ಮಲ್ಲಿ ಎಲ್ಲಿ ಹೋದರೂ ಒಂದಿದೆ.’ ನಮ್ಮಲ್ಲೂ ತಾಲೂಕಿಗೆ ನಾಲ್ಕಿವೆ ಅಂದೆ.

ಬೇಸಿಗೆಯಲ್ಲಿ ಅಮ್ಮ ಬಂದಾಗ ಸರಿಯಾಗಿ ನಮ್ಮ ವಾರ. ‘ಇಷ್ಟೊಂದು ಓದಿಸಿದ್ದು ಮೆಟ್ಟಿಲು ಒರೆಸೋಕಾ?’ ಅಂದರು. ಅಂದರೂ ಸುಮ್ಮನಿರಲಿಲ್ಲ. ನಾನು ಒರೆಸಿದ ಮೇಲೆ ನಮ್ಮ ಬಾಗಿಲ ಮುಂದೆ ಸೀಮೆಸುಣ್ಣದಲ್ಲಿ ಐದೆಳೆಯ ಸಣ್ಣ ರಂಗೋಲಿ ಎಳೆದರು. ಮುಂದಿನ ವಾರ ಹಲಗೆ ಎದುರುಮನೆ ಹುಡುಗನಿಗೆ ಹೋಯಿತು. ಶನಿವಾರ ನೋಡುತ್ತೇನೆ, ಮೆಟ್ಟಿಲೆಲ್ಲ ಫಳಫಳ. ರಂಗೋಲಿಯ ಸುತ್ತ ಅಂಗುಲ ಜಾಗ ಬಿಟ್ಟು ಒರೆಸಿದ್ದಾನೆ. ಯಾವುದೋ ಇಲಾಖೆಯ ಗುರುತು ಅಂದುಕೊಂಡಿರಬೇಕು.

ಕಳೆದ ಮಳೆಗಾಲದ ಕೊನೆಗೆ, ಅಂದರೆ ನಮ್ಮ ಲೆಕ್ಕದ ಮಳೆಗಾಲ, ಮೇಲಿನ ಮಹಡಿಯ ಮನೆ ಖಾಲಿಯಾಯಿತು. ಭಾನುವಾರ ಬೆಳಗ್ಗೆಯಿಂದ ನೋಡುವವರ ಸಾಲು ಬಾಗಿಲಾಚೆ ಬೀದಿಯವರೆಗೂ. ನಾವು ಚಿತ್ರಾನ್ನದ ಒಗ್ಗರಣೆ ಹಾಕಿ ಕಿಟಕಿ ತೆಗೆದಿದ್ದೆವು. ಬೆಲ್ ಹೊಡೆಯಿತು. ಗೋಡೆಯ ಫೋನ್ ಎತ್ತಿದೆ. ಯಾರೂ ಜರ್ಮನ್ ಮಾತಾಡಲಿಲ್ಲ. ಸ್ವಲ್ಪ ಹೊತ್ತು ಉಸಿರು ಮಾತ್ರ ಕೇಳಿಸಿತು. ಆಮೇಲೆ ಚಿಕ್ಕ ಹುಡುಗನ ಗಂಟಲು.

‘ಸಾರ್, ಸಾರಿ ಸಾರ್. ಮೇಲಿನ ಮನೆ ನೋಡೋಕೆ ಕ್ಯೂನಲ್ಲಿ ನಿಂತಿದೀನಿ. ಸುಮ್ನೆ ಬೆಲ್ ಓದ್ತಿದ್ದೆ. ನಿಮ್ಮದು ಯಾವ ಹೊಸಹಳ್ಳಿ ಸಾರ್?’

ಮಂಡ್ಯ ಅನ್ನಲೋ ಹಾಸನ ಅನ್ನಲೋ ತಿಳಿಯಲಿಲ್ಲ.

‘ಗೊತ್ತಿಲ್ಲ ಮಾರಾಯ’ ಅಂದೆ. ‘ಕ್ಯೂ ಹೇಗೂ ಒಂದು ಗಂಟೆ ಹಿಡಿಯುತ್ತೆ. ಮೇಲೆ ಬಾ, ಚಿತ್ರಾನ್ನ ಇದೆ.’

ಒತ್ತುಗುಂಡಿ ಒತ್ತಿದೆ. ಕೆಳಗೆ ಬಾಗಿಲು ಝೀ ಅಂದಿತು.