ಟಿಬಿ ವಾಸಿಯಾಯ್ತು, ದಮ್ಮು ಉಳೀತು: ಸಂಶೋಧನೆಗೆ ಬೇರೆ ಹಣ ಬೇಕೆ?

ಪ್ರಶ್ನೆ: ಕ್ಷಯರೋಗದ ಸಂಶೋಧನೆಗೆಂದು ಎತ್ತಿಡುವ ಹಣದಲ್ಲಿ, ಚಿಕಿತ್ಸೆ ಮುಗಿಸಿದವರ ಶ್ವಾಸಕೋಶದ ಮುಂದಿನ ಪಾಡನ್ನು ಅರಿಯಲೆಂದೇ ಒಂದು ಪಾಲು ಮೀಸಲಿಡಬೇಕೆ?

ಪರ: ಕಾರ್ಡಿನಲ್ಲಿ ಗುಣಮುಖ, ಮೆಟ್ಟಿಲಲ್ಲಿ ಏದುಸಿರು

ಆರು ತಿಂಗಳು ಮಾತ್ರೆ ನುಂಗಿದ ಮೇಲೆ ಕಫದಲ್ಲಿ ಕ್ರಿಮಿ ಕಾಣದಿದ್ದರೆ ಕಾರ್ಡಿನ ಮೇಲೆ ‘ಗುಣಮುಖ’ ಎಂದು ಬರೆಯುತ್ತಾರೆ. ಲೆಕ್ಕ ಅಲ್ಲಿಗೆ ಚುಕ್ತಾ. ಆದರೆ ಕ್ರಿಮಿ ಹೊರಡುವಾಗ ಮನೆ ಗುಡಿಸಿಟ್ಟು ಹೋಗುವುದಿಲ್ಲ. ಕೆಲವರ ಶ್ವಾಸಕೋಶದಲ್ಲಿ ಗುಳಿ ಉಳಿಯುತ್ತದೆ. ಕೆಲವರಲ್ಲಿ ಗಾಯದ ಕಲೆ ಗಟ್ಟಿಯಾಗಿ ಸುತ್ತಲಿನ ಭಾಗವನ್ನೂ ಎಳೆದುಕೊಂಡು ಮುದುಡುತ್ತದೆ. ಇನ್ನು ಕೆಲವರ ಉಸಿರ್ನಾಳಗಳು ಹಿಗ್ಗಿ, ಕಫ ಅಲ್ಲೇ ನಿಂತು ಕೊಳೆಯುತ್ತದೆ. ಹಳೆಯ ಗುಳಿಯಲ್ಲಿ ಆಸ್ಪರ್ಜಿಲಸ್ ಎಂಬ ಬೂಷ್ಟು ಉಂಡೆಗಟ್ಟಿದರೆ ಎಷ್ಟೋ ವರ್ಷಗಳ ಮೇಲೆ ಒಂದು ದಿನ ಕೆಮ್ಮಿನ ಜೊತೆ ರಕ್ತ ಬರುತ್ತದೆ. ರಕ್ತ ಕಂಡ ಕೂಡಲೇ ‘ಟಿಬಿ ತಿರುಗಿ ಬಂತು’ ಎಂದು, ಕಫದಲ್ಲಿ ಕ್ರಿಮಿ ಸಿಗದಿದ್ದರೂ, ಮತ್ತೆ ಅದೇ ಮಾತ್ರೆ ಶುರುವಾಗುವುದುಂಟು.

ಇದೇನು ನಾಲ್ಕಾರು ಜನರ ಕಥೆಯಲ್ಲ. ಕ್ಷಯ ತಗುಲಿ ಬದುಕುಳಿದವರು 2020ರ ಹೊತ್ತಿಗೆ ಜಗತ್ತಿನಲ್ಲಿ ಸುಮಾರು 15.5 ಕೋಟಿ ಮಂದಿ ಇದ್ದರೆಂದು ಒಂದು ಅಂದಾಜು. ದಕ್ಷಿಣ ಆಫ್ರಿಕಾದ ಚಿನ್ನದ ಗಣಿ ಕಾರ್ಮಿಕರ ಬಗ್ಗೆ 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಮ್ಮೆ ಟಿಬಿ ಆದವರಲ್ಲಿ ಶೇ 18ರಷ್ಟು ಜನರ ಶ್ವಾಸಕೋಶದ ಶಕ್ತಿ ಕಾಯಮ್ಮಾಗಿ ಕುಂದಿತ್ತು. ಎರಡು ಸಲ ಆದವರಲ್ಲಿ ಶೇ 27, ಮೂರು ಅಥವಾ ಹೆಚ್ಚು ಸಲ ಆದವರಲ್ಲಿ ಶೇ 35. ಕ್ಷಯ ತರುವ ಒಟ್ಟು ಆರೋಗ್ಯ ನಷ್ಟದಲ್ಲಿ ಹೆಚ್ಚುಕಡಿಮೆ ಅರ್ಧ, ಅಂದರೆ ಶೇ 47, ಚಿಕಿತ್ಸೆ ಮುಗಿದ ನಂತರದ್ದು ಎಂದು 2021ರ ಇನ್ನೊಂದು ಲೆಕ್ಕ ಹೇಳಿತು. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲು ಭಾಗ ನಮ್ಮ ದೇಶದವರು. ಹಾಗಾಗಿ ಈ ದಮ್ಮಿನ ದೊಡ್ಡ ಪಾಲೂ ನಮ್ಮದೇ.

ಹಾಗಿದ್ದರೆ ಔಷಧ ಕೊಡಿ, ಸಂಶೋಧನೆ ಏಕೆ ಎನ್ನಬಹುದು. ಯಾವ ಔಷಧ? ಇಲ್ಲೇ ಇರುವುದು ತೊಡಕು. ಟಿಬಿ ಆದವರ ಏದುಸಿರಿಗೆ ಬರೆದುಕೊಡುವ ಇನ್ಹೇಲರುಗಳನ್ನು ಹೆಚ್ಚಾಗಿ ಪರೀಕ್ಷಿಸಿದ್ದು ಸಿಗರೇಟು ಸೇದಿ ಶ್ವಾಸಕೋಶ ಕೆಡಿಸಿಕೊಂಡವರ ಮೇಲೆ. ಅಂಥ ಎಷ್ಟೋ ಪ್ರಯೋಗಗಳಲ್ಲಿ ಹಿಂದೆ ಟಿಬಿ ಆಗಿದ್ದವರನ್ನು ಸೇರಿಸಿಕೊಳ್ಳುವುದೇ ಇಲ್ಲ. ಮೇಲಾಗಿ ಸ್ಟೀರಾಯ್ಡ್ ಇರುವ ಇನ್ಹೇಲರು ಕ್ಷಯ ಮತ್ತೆ ತಲೆಯೆತ್ತುವ ಅಪಾಯವನ್ನು ಹೆಚ್ಚಿಸಬಹುದೆಂಬ ಸೂಚನೆಗಳೂ ಇವೆ. ಅಂದರೆ ಬಿಹಾರದ ಹಮಾಲಿಗೂ ರಾಯಚೂರಿನ ಗಾರೆ ಕೆಲಸದವನಿಗೂ ನಾವು ಕೊಡುತ್ತಿರುವುದು ಬೇರೆ ಯಾರಿಗೋ ಅಳತೆ ತೆಗೆದು ಹೊಲಿದ ಅಂಗಿ.

ಚಿಕಿತ್ಸೆ ಮುಗಿದವರನ್ನು 6, 12, 18 ಮತ್ತು 24ನೇ ತಿಂಗಳಲ್ಲಿ ನೋಡಬೇಕೆಂದು ನಮ್ಮ ರಾಷ್ಟ್ರೀಯ ಕಾರ್ಯಕ್ರಮದ ನಿಯಮವೇನೋ ಇದೆ. ಆದರೆ ಅಲ್ಲಿ ಹುಡುಕುವುದು ಕ್ರಿಮಿ ಮರಳಿತೇ ಎಂಬುದನ್ನು. ಮೂಟೆ ಹೊರಲು ಆಗುತ್ತದೆಯೇ ಎಂದು ಕೇಳುವವರಿಲ್ಲ. ಕೇಳದ ಪ್ರಶ್ನೆಗೆ ಹಣ ತಾನಾಗಿ ಹರಿದು ಬರುವುದಿಲ್ಲ. ಅದಕ್ಕೇ ಬೇರೆ ಪಾಲು ಬೇಕೆನ್ನುವುದು.

ವಿರೋಧ: ಕೆಡುವ ಮೊದಲೇ ಹಿಡಿಯಿರಿ

ದಮ್ಮು ಸುಳ್ಳೆಂದು ಯಾರೂ ಹೇಳುತ್ತಿಲ್ಲ. ತಕರಾರು ಇರುವುದು ಹಣದ್ದು. ಕ್ಷಯದ ಸಂಶೋಧನೆಗೆ ವರ್ಷಕ್ಕೆ 500 ಕೋಟಿ ಡಾಲರ್ ಒದಗಿಸಬೇಕೆಂದು 2023ರಲ್ಲಿ ವಿಶ್ವಸಂಸ್ಥೆಯ ಸಭೆ ಗುರಿ ಇಟ್ಟಿತು. ಆಗ ಸಿಗುತ್ತಿದ್ದುದು 100 ಕೋಟಿಗಿಂತ ಚೂರು ಹೆಚ್ಚು. 2025ರಲ್ಲಿ ಅಮೆರಿಕ ತನ್ನ ವಿದೇಶಿ ನೆರವಿಗೆ ಕತ್ತರಿ ಹಾಕಿದ ಮೇಲೆ ಅದಕ್ಕೂ ಭರವಸೆಯಿಲ್ಲ. ಇಂಥ ಹೊತ್ತಿನಲ್ಲಿ ಬೇರೆ ಪಾಲು ಎಂದರೆ ಯಾರದೋ ತಟ್ಟೆಯಿಂದ ತೆಗೆದು ಕೊಡುವುದು. ಲಸಿಕೆಯ ತಟ್ಟೆಯಿಂದಲೇ? 1921ರಲ್ಲಿ ಮೊದಲು ಕೊಟ್ಟ ಬಿಸಿಜಿಯೇ ಇವತ್ತಿಗೂ ನಮಗಿರುವ ಏಕೈಕ ಲಸಿಕೆ. ಅದು ಕೂಸುಗಳನ್ನು ಕಾಯುತ್ತದೆಯೇ ಹೊರತು ದೊಡ್ಡವರ ಎದೆಯನ್ನು ಅಷ್ಟಾಗಿ ಕಾಯದು. ಎಂ72 ಎಂಬ ಹೊಸ ಲಸಿಕೆಯ ಕೊನೆಯ ಹಂತದ ಪ್ರಯೋಗ 2024ರಲ್ಲಷ್ಟೇ ಶುರುವಾಗಿದೆ.

ಶ್ವಾಸಕೋಶ ಬಹುಪಾಲು ಕೆಡುವುದು ಮಾತ್ರೆ ಶುರುವಾಗುವ ಮೊದಲು. ಮೆಡಿಕಲ್ ಶಾಪಿನ ಕೆಮ್ಮಿನ ಸಿರಪ್ಪು, ಬೀದಿ ಕೊನೆಯ ಡಾಕ್ಟರ ಇಂಜೆಕ್ಷನ್ನು, ಆಮೇಲೆ ಯಾವುದೋ ಆಸ್ಪತ್ರೆಯ ಎಕ್ಸ್‌ರೇ, ಇಷ್ಟು ಸುತ್ತಿ ಕಫ ಪರೀಕ್ಷೆಗೆ ಬರುವಷ್ಟರಲ್ಲಿ ಗುಳಿ ಬಿದ್ದಾಗಿರುತ್ತದೆ. ಆ ಸುತ್ತಾಟವನ್ನು ತಪ್ಪಿಸುವ ಸಂಶೋಧನೆಯೂ ಶ್ವಾಸಕೋಶ ಉಳಿಸುವ ಸಂಶೋಧನೆಯೇ ತಾನೆ?

ಕಾಯಿಲೆಯನ್ನೇ ತಡೆದ ಉದಾಹರಣೆಯೂ ಇದೆ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡಿನಲ್ಲಿ ‘ರೇಷನ್ಸ್’ ಎಂಬ ಪ್ರಯೋಗ ನಡೆಸಿದರು. ರೋಗಿಯ ಮನೆಯ ಉಳಿದ ದೊಡ್ಡವರಿಗೆ ತಲೆಗೆ ತಿಂಗಳಿಗೆ 5 ಕೆಜಿ ಅಕ್ಕಿ, 1.5 ಕೆಜಿ ಬೇಳೆ ಮತ್ತು ಪೋಷಕಾಂಶದ ಮಾತ್ರೆ. ಅಷ್ಟಕ್ಕೇ ಆ ಮನೆಗಳಲ್ಲಿ ಹೊಸದಾಗಿ ಕ್ಷಯ ತಗುಲುವುದು ಸುಮಾರು ಶೇ 39 ಕಡಿಮೆಯಾಯಿತೆಂದು 2023ರಲ್ಲಿ ಪ್ರಕಟವಾಯಿತು. ಸಂಶೋಧನೆಯ ಹಣ ಹೀಗೆ ದುಡಿಯಬೇಕು.

ಪರ ವಾದದ ಅಂಕಿಗಳನ್ನೂ ಕೊಂಚ ಜರಡಿ ಹಿಡಿಯೋಣ. ಶೇ 47 ಎಂಬುದು ಗಣಿತದ ಮಾದರಿಯಿಂದ ಬಂದದ್ದು, ಮನೆಮನೆ ಎಣಿಸಿದ್ದಲ್ಲ. ಗಣಿಯ ಕಾರ್ಮಿಕರೋ ವರ್ಷಗಟ್ಟಲೆ ಸಿಲಿಕಾ ದೂಳು ಕುಡಿದವರು. ಆ ಅಂಕಿಯನ್ನು ಹೊಲಿಗೆ ಮಾಡಿ ಬದುಕುವ ಹೆಂಗಸಿಗೆ ತಂದು ಅಂಟಿಸಲಾಗದು. ದೂಳು, ಒಲೆಯ ಹೊಗೆ, ಬೀಡಿ, ಹಳೆಯ ಟಿಬಿ ಒಂದೇ ಎದೆಯಲ್ಲಿ ಸೇರಿರುವಾಗ ಯಾವುದರ ಪಾಲು ಎಷ್ಟೆಂದು ಬಿಡಿಸುವುದು ಸುಲಭವಲ್ಲ. ಚಿಕಿತ್ಸೆ ಮುಗಿಸಿದವರನ್ನು ವರ್ಷಗಟ್ಟಲೆ ಬೆನ್ನು ಹತ್ತಿ ಅವರ ಶ್ವಾಸಕೋಶದ ಪಾಡು ಅರಿಯುತ್ತೇವೆ ಎನ್ನುವವರು ಗುಳೆ ಹೋಗುವ ಕುಟುಂಬವನ್ನು ಎರಡು ವರ್ಷ ಹಿಂಬಾಲಿಸಿ ನೋಡಲಿ. ಫೋನ್ ನಂಬರು ಅಷ್ಟರಲ್ಲೇ ಮೂರು ಸಲ ಬದಲಾಗಿರುತ್ತದೆ.

ದಮ್ಮು ಉಳಿದವರ ಕೊರತೆ ಬಹುಮಟ್ಟಿಗೆ ಅರಿವಿನದ್ದಲ್ಲ, ಒದಗಣೆಯದ್ದು. ಉಸಿರಾಟದ ವ್ಯಾಯಾಮ, ನಡಿಗೆಯ ತರಬೇತಿ, ಬೀಡಿ ಬಿಡಿಸುವುದು, ಊದಿಸಿ ಶ್ವಾಸಕೋಶ ಅಳೆಯುವ ಯಂತ್ರ ಇವೆಲ್ಲ ಗೊತ್ತಿರುವ ಸಂಗತಿಗಳೇ. ಆ ಯಂತ್ರ ತಾಲ್ಲೂಕು ಆಸ್ಪತ್ರೆಗೆ ಬರಲು ಖರೀದಿ ಆದೇಶ ಬೇಕು, ಅದನ್ನು ಸರಿಯಾಗಿ ಊದಿಸಲು ಕಲಿತ ಟೆಕ್ನಿಶಿಯನ್ ಬೇಕು. ಸಂಶೋಧನೆಯ ನಿಧಿಯಿಂದ ಎರಡೂ ಬರುವುದಿಲ್ಲ.

ಇನ್ಹೇಲರಿನ ಮಾತನ್ನು ಮಾತ್ರ ಒಪ್ಪುತ್ತೇನೆ, ಅಲ್ಲಿ ನಿಜಕ್ಕೂ ಕತ್ತಲಿದೆ. ಅದಕ್ಕೂ ಹೊಸ ಖಾತೆ ತೆರೆಯಬೇಕಿಲ್ಲ. ದಮ್ಮಿನ ಔಷಧಗಳ ಪ್ರಯೋಗದಿಂದ ಟಿಬಿ ಆದವರನ್ನು ಹೊರಗಿಡುವಂತಿಲ್ಲ ಎಂದು ಸರ್ಕಾರ ಒಂದು ನಿಯಮ ಮಾಡಲಿ. ಆ ಖರ್ಚನ್ನು ಇನ್ಹೇಲರು ಮಾರುವ ಕಂಪನಿಗಳೇ ಹೊರಲಿ.