ಅಪ್ಪನೂ ಬಂದು ಕೇಳಬಹುದು ಎಂದು ಯಾರಾದರೂ ಹೇಳಬೇಕು

ಹುಬ್ಬಳ್ಳಿ-ಧಾರವಾಡದಲ್ಲಿ ಹಸಿದು ಬಂದವನಿಗೆ ಒಂದು ಹೊತ್ತಿನ ಊಟ ಸಿಗುವುದು ಕಷ್ಟವಲ್ಲ. ಸಿದ್ಧಾರೂಢ ಮಠದ ಪಂಕ್ತಿಯಲ್ಲಿ ಕುಳಿತರೆ ಯಾವ ಊರು, ಯಾವ ಜಾತಿ ಎಂದು ಯಾರೂ ಕೇಳುವುದಿಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮಕ್ಕೆ ಹೋದರೆ ಪ್ರಸಾದ ಮುಗಿಸಿಕೊಂಡು ಹೋಗಿ ಎನ್ನುವುದೇ ಮೊದಲ ಮಾತು. ಇಂದಿರಾ ಕ್ಯಾಂಟೀನಿನಲ್ಲಿ 5 ರೂಪಾಯಿಗೆ ಉಪಾಹಾರ, 10 ರೂಪಾಯಿಗೆ ಊಟವಿದೆ. ಕಷ್ಟವಿರುವುದು ಬೇರೆ ಕಡೆ. ಎರಡು ಸಣ್ಣ ಮಕ್ಕಳನ್ನು ಇಟ್ಟುಕೊಂಡು ಒಬ್ಬನೇ ದುಡಿಯುವ ತಂದೆ ನಾಳೆಯ ಹಾಲು, ವಾರದ ಬೇಳೆ, ತಿಂಗಳ ಅಕ್ಕಿಯನ್ನು ಯಾರಲ್ಲಿ ಕೇಳಬೇಕು? ಮಕ್ಕಳನ್ನು ಕರೆದುಕೊಂಡು ದಿನಕ್ಕೆ ಎರಡು ಸಲ ಮಠಕ್ಕೆ ಹೋಗಿ ಬರುವುದಾದರೆ ಅವನು ಕೆಲಸಕ್ಕೆ ಹೋಗುವುದು ಯಾವಾಗ?

ನಾನು ಧಾರವಾಡದಲ್ಲಿ ಬೆಳೆದವನು, ಈಗ ಅಮೆರಿಕದ ಒಹಾಯೊ ರಾಜ್ಯದಲ್ಲಿದ್ದೇನೆ. ಬಿಡುವಿರುವ ಶನಿವಾರಗಳಂದು ನಮ್ಮ ಬಡಾವಣೆಯ ಫುಡ್ ಪ್ಯಾಂಟ್ರಿಯಲ್ಲಿ, ಅಂದರೆ ದಾನವಾಗಿ ಬಂದ ದಿನಸಿಯನ್ನು ಹಂಚುವ ಕೇಂದ್ರದಲ್ಲಿ, ಕೈಜೋಡಿಸುತ್ತೇನೆ. ಅಲ್ಲಿ ಸಾಲಿನಲ್ಲಿ ನಿಲ್ಲುವ ತಂದೆಯರು ಕಡಿಮೆಯೇನಲ್ಲ. ಕೂಸನ್ನು ಎದೆಗೆ ಕಟ್ಟಿಕೊಂಡು ಬಂದವರು, ರಾತ್ರಿ ಪಾಳಿ ಮುಗಿಸಿ ನೇರವಾಗಿ ಬಂದವರು, ವಿಚ್ಛೇದನದ ನಂತರ ಶನಿವಾರ-ಭಾನುವಾರಕ್ಕೆ ಮಾತ್ರ ಮಕ್ಕಳು ಬರುವ ಮನೆಯವರು. ಕೈಯೊಡ್ಡುವ ಸಂಕೋಚ ಅವರಲ್ಲಿಯೂ ಇದೆ. ಹಲವರು ತಲೆ ಎತ್ತಿ ಮಾತನಾಡುವುದಿಲ್ಲ. ಆದರೆ ಎಲ್ಲಿ ಕೇಳಬೇಕು ಎಂಬ ಗೊಂದಲ ಅವರಲ್ಲಿ ಅಷ್ಟಾಗಿ ಇಲ್ಲ. 211 ಎಂಬ ಸಂಖ್ಯೆಗೆ ಕರೆ ಮಾಡಿ ತಾವಿರುವ ಜಾಗದ ಪಿನ್ ಸಂಖ್ಯೆ ಹೇಳಿದರೆ ಹತ್ತಿರದ ದಿನಸಿ ಕೇಂದ್ರ ಯಾವುದು, ಯಾವ ದಿನ ತೆರೆದಿರುತ್ತದೆ, ಯಾವ ಕಾಗದ ಬೇಕು ಎಂದು ತಿಳಿಸುತ್ತಾರೆ.

ಅಲ್ಲಿನ ಸರ್ಕಾರಿ ಯೋಜನೆಯೊಂದನ್ನು ಜನ ‘ವಿಕ್’ ಎನ್ನುತ್ತಾರೆ. ಹೆಸರಿನಲ್ಲಿರುವುದು ಹೆಂಗಸರು, ಶಿಶುಗಳು ಮತ್ತು ಮಕ್ಕಳು. ಗಂಡಸಿನ ಸುಳಿವೇ ಇಲ್ಲ. ಗರ್ಭಿಣಿಯರು, ಬಾಣಂತಿಯರು, ಐದು ವರ್ಷ ತುಂಬದ ಮಕ್ಕಳಿಗೆ ಹಾಲು, ಮೊಟ್ಟೆ, ಕಾಳು, ಹಣ್ಣು, ತರಕಾರಿ ಕೊಡುವ ಯೋಜನೆ ಅದು. ಆದರೆ ಮಗುವಿನ ಪರವಾಗಿ ತಂದೆ, ಅಜ್ಜ-ಅಜ್ಜಿ, ಸಾಕು ಪೋಷಕರು ಯಾರು ಬೇಕಾದರೂ ಅರ್ಜಿ ಹಾಕಬಹುದು ಎಂದು ಇಲಾಖೆ ಸ್ಪಷ್ಟವಾಗಿ ಪ್ರಚಾರ ಮಾಡುತ್ತದೆ. ತಂದೆಗೆ ಪ್ರತ್ಯೇಕ ಪಾಲಿಲ್ಲ. ಆದರೆ ಮಗುವಿನ ಪಾಲನ್ನು ಅವನು ಹೋಗಿ ಕೇಳಿ ತರಬಹುದು. ಬಡ ಕುಟುಂಬಗಳಿಗೆ ದಿನಸಿ ಕೊಳ್ಳಲು ಕಾರ್ಡಿನಲ್ಲಿ ತಿಂಗಳ ಹಣ ಹಾಕುವ ಇನ್ನೊಂದು ದೊಡ್ಡ ಯೋಜನೆಯಾದ ‘ಸ್ನ್ಯಾಪ್’, ಹಿಂದಿನ ಫುಡ್ ಸ್ಟಾಂಪ್, ಒಟ್ಟಿಗೆ ಕೊಂಡು ಒಟ್ಟಿಗೆ ಬೇಯಿಸಿ ಉಣ್ಣುವವರನ್ನು ಒಂದು ಮನೆ ಎಂದು ಎಣಿಸುತ್ತದೆ; ಯಜಮಾನ ಹೆಣ್ಣೋ ಗಂಡೋ ಎಂದು ನೋಡುವುದಿಲ್ಲ.

ಇದನ್ನು ಓದಿ ಅಮೆರಿಕವೇ ಮಾದರಿ ಎಂದು ಯಾರೂ ತಿಳಿಯಬಾರದು. ಅಲ್ಲಿನ ಈ ಸರ್ಕಾರಿ ಯೋಜನೆಗಳಿಗೆ ಆದಾಯದ ದಾಖಲೆ ಬೇಕು. 2025ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರದ ಕೆಲಸಗಳು ಸ್ಥಗಿತಗೊಂಡಿದ್ದಾಗ ಸ್ನ್ಯಾಪ್ ಹಣ ಹೊತ್ತಿಗೆ ಸರಿಯಾಗಿ ಬರದೆ ನಮ್ಮ ಕೇಂದ್ರದ ಮುಂದೆ ಸಾಲು ರಸ್ತೆಯವರೆಗೆ ಬೆಳೆದಿತ್ತು. ಜಗತ್ತಿನ ಅತ್ಯಂತ ಶ್ರೀಮಂತ ದೇಶದಲ್ಲಿ ಸಂಸತ್ತಿನ ಜಗಳಕ್ಕೆ ಮಕ್ಕಳ ಅನ್ನ ಒತ್ತೆಯಾಗುವುದನ್ನು ಕಂಡು ನನಗೆ ಸಿಟ್ಟು ಬಂತು, ಇನ್ನೂ ಇಳಿದಿಲ್ಲ. ಏನೂ ಕೇಳದೆ ಬಡಿಸುವ ನಮ್ಮ ದಾಸೋಹದ ಮುಂದೆ ಅದು ಬಹಳ ಸಣ್ಣದಾಗಿ ಕಾಣುತ್ತದೆ.

ಆದರೂ ನಮ್ಮ ಊರಿನಲ್ಲಿ ತಂದೆಯೊಬ್ಬ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಾನೆ ಎಂಬುದನ್ನು ಹೇಳಲೇಬೇಕು. ನನ್ನ ಹತ್ತಿರದ ಬಂಧುವೊಬ್ಬ ಅಮರಗೋಳದ ಎಪಿಎಂಸಿಯಲ್ಲಿ ಹಮಾಲಿ. ಹೆಂಡತಿ ತೀರಿಕೊಂಡಳು. ಬಿಪಿಎಲ್ ಕಾರ್ಡಿನಲ್ಲಿ ಯಜಮಾನಿ ಅವಳೇ ಆಗಿದ್ದುದರಿಂದ ಹೆಸರು ಬದಲಿಸಬೇಕಾಯಿತು. ಕಚೇರಿಯೊಂದರಲ್ಲಿ ಅವನಿಗೆ ಸಿಕ್ಕ ಉತ್ತರ, “ಮನೆಯಲ್ಲಿ ಹೆಣ್ಣುಮಕ್ಕಳು ಯಾರಿದ್ದಾರೆ? ನಿಮ್ಮ ತಾಯಿಯ ಹೆಸರು ಸೇರಿಸಿಕೊಂಡು ಬನ್ನಿ.” ತಾಯಿ ಇರುವುದು ಹಾನಗಲ್ಲಿನಲ್ಲಿ, ಹಿರಿಯ ಮಗನ ಮನೆಯಲ್ಲಿ, ಆ ಮನೆಯ ಕಾರ್ಡಿನಲ್ಲಿ. ಇನ್ನೊಮ್ಮೆ ಹೋದರೆ ತಿದ್ದುಪಡಿ ಈಗ ತೆರೆದಿಲ್ಲ ಎಂದರು. ಹಮಾಲಿ ಮಾಡುವವನಿಗೆ ಕಚೇರಿಗೆ ಹೋದ ದಿನ ಕೂಲಿ ಇಲ್ಲ. ಕೊನೆಗೆ ಅವನು ಹೋಗುವುದನ್ನೇ ಬಿಟ್ಟು ಅಂಗಡಿಯಲ್ಲಿ ಪೂರ್ತಿ ಬೆಲೆ ಕೊಟ್ಟು ಅಕ್ಕಿ ಕೊಳ್ಳತೊಡಗಿದ.

ಅವನಿಗೆ ಯಾರೂ ಹೇಳದಿದ್ದ ವಿಷಯ ಇದು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ 13ನೇ ಕಲಮಿನ ಪ್ರಕಾರ 18 ತುಂಬಿದ ಹೆಣ್ಣುಮಕ್ಕಳಲ್ಲಿ ಹಿರಿಯಳು ಪಡಿತರ ಚೀಟಿಯ ಮಟ್ಟಿಗೆ ಮನೆಯ ಯಜಮಾನಿ. ಅದೇ ಕಲಮು ಮುಂದುವರಿದು, ಮನೆಯಲ್ಲಿ ವಯಸ್ಕ ಮಹಿಳೆ ಇಲ್ಲದೆ ಚಿಕ್ಕ ಹುಡುಗಿ ಮಾತ್ರ ಇದ್ದರೆ, ಅವಳಿಗೆ 18 ತುಂಬುವವರೆಗೆ ಮನೆಯ ಹಿರಿಯ ಗಂಡಸೇ ಯಜಮಾನ ಎನ್ನುತ್ತದೆ. ನನ್ನ ಬಂಧುವಿನ ಮಗಳಿಗೆ ಆರು ವರ್ಷ. ಕಾನೂನು ಅವನನ್ನು ಮರೆತಿಲ್ಲ, ಮರೆತದ್ದು ಮೇಜಿನ ಆಚೆ ಕುಳಿತವರು. ಆದ್ಯತಾ ಕುಟುಂಬದಲ್ಲಿ, ಅಂದರೆ ಬಿಪಿಎಲ್ ಕಾರ್ಡಿನವರಲ್ಲಿ, ತಲೆಗೆ ತಿಂಗಳಿಗೆ 5 ಕಿಲೋ, ಕಡುಬಡವರ ಅಂತ್ಯೋದಯ ಕಾರ್ಡಾದರೆ ಮನೆಗೆ 35 ಕಿಲೋ ಧಾನ್ಯ ಆ ಕಾಯ್ದೆಯ ಹಕ್ಕು. 2023ರ ಜನವರಿಯಿಂದ ಅದಕ್ಕೆ ಹಣ ಕೊಡಬೇಕಾಗಿಯೂ ಇಲ್ಲ.

ಯಜಮಾನಿಕೆ ಹೆಣ್ಣಿಗೇ ಇರಬೇಕು ಎಂಬ ತತ್ವವನ್ನು ನಾನು ಮನಸಾರೆ ಒಪ್ಪುತ್ತೇನೆ. ಗಂಡಸಿನ ಕೈಗೆ ಕೊಟ್ಟ ಹಣ ಸಾರಾಯಿ ಅಂಗಡಿ ಸೇರಿದ ಮನೆಗಳನ್ನು ನೋಡಿಯೇ ಬೆಳೆದವನು ನಾನು. 2023ರ ಆಗಸ್ಟ್‌ನಲ್ಲಿ ಆರಂಭವಾದ ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಯಜಮಾನಿಯ ಖಾತೆಗೇ ಹೋಗಬೇಕು. ಆದರೆ ಯಜಮಾನಿಯೇ ತೀರಿಕೊಂಡ ಮನೆಯಲ್ಲಿ ಮಕ್ಕಳ ಹಸಿವು ಅರ್ಧಕ್ಕೆ ಇಳಿಯುತ್ತದೆಯೇ? ತಾಯಿಯೂ ಇಲ್ಲ, ತಾಯಿಗೆ ಬರುತ್ತಿದ್ದ ಹಣವೂ ಇಲ್ಲ ಎಂದರೆ ಆ ಮಕ್ಕಳಿಗೆ ಎರಡು ಸಲ ಏಟು ಬಿದ್ದಂತೆ. ಚಿಕ್ಕ ಮಕ್ಕಳಿರುವ ವಿಧುರರ ಮನೆಗೆ, ಮಕ್ಕಳ ಹೆಸರಿನ ಖಾತೆಗಾದರೂ, ಆ ಮೊತ್ತ ಮುಂದುವರಿಯಬೇಕು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಅಂಗನವಾಡಿಯ ವಿಷಯಕ್ಕೆ ಬರೋಣ. ವಿಕ್ ಯೋಜನೆ ಅಮೆರಿಕದಲ್ಲಿ ಕಾಯಂ ಆದದ್ದು 1975ರಲ್ಲಿ. ನಮ್ಮ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದದ್ದೂ ಅದೇ ವರ್ಷ, ಅಕ್ಟೋಬರ್ 2ರಂದು. ಎರಡಕ್ಕೂ ಒಂದೇ ವಯಸ್ಸು, ಉದ್ದೇಶವೂ ಹೆಚ್ಚು ಕಡಿಮೆ ಒಂದೇ. ಆರು ತಿಂಗಳಿನಿಂದ ಮೂರು ವರ್ಷದವರೆಗಿನ ಮಗುವಿಗೆ ಮನೆಗೆ ಒಯ್ಯುವ ಪೌಷ್ಟಿಕ ಆಹಾರ, ಮೂರರಿಂದ ಆರರವರೆಗೆ ಕೇಂದ್ರದಲ್ಲಿಯೇ ಬಿಸಿ ಊಟ. ಇದು ಮಗುವಿನ ಹಕ್ಕು, ತಂದುಕೊಡುವವರು ಯಾರಾದರೇನು? ಆದರೆ ನಮ್ಮ ಅಂಗನವಾಡಿಗಳ ಸಭೆ ತಾಯಂದಿರ ಸಭೆ, ಗೋಡೆಯ ಚಿತ್ರ ತಾಯಿ-ಮಗುವಿನದು. ಅಲ್ಲಿಗೆ ಹೋಗಲು ನನ್ನ ಬಂಧುವಿಗೆ ನಾಚಿಕೆ. ಹೆಂಗಸರು ಕುಳಿತಿರುವ ಕಡೆ ಒಬ್ಬನೇ ಗಂಡಸು ಹೋಗಿ ಹಿಟ್ಟಿನ ಪೊಟ್ಟಣ ಕೇಳುವುದು ಹೇಗೆ ಎಂದು ಅವನ ಪ್ರಶ್ನೆ. ಕೊನೆಗೆ ಅಂಗನವಾಡಿಯ ಅಕ್ಕನೇ ಮನೆಗೆ ಬಂದು, “ಅಣ್ಣಾ, ಮಗುವನ್ನು ಬೆಳಿಗ್ಗೆ ನನ್ನಲ್ಲಿ ಬಿಟ್ಟು ಹೋಗಿರಿ, ಊಟ ನಾನು ನೋಡಿಕೊಳ್ಳುತ್ತೇನೆ” ಎಂದರಂತೆ. ಆ ಒಂದು ಮಾತು ಕಚೇರಿಗಳು ಮಾಡದ ಕೆಲಸ ಮಾಡಿತು. ಆ ಅಕ್ಕನಿಗೆ ಸಿಗುವ ಗೌರವಧನದ ಬಗ್ಗೆ ಬೇರೆಯೇ ಬರೆಯಬೇಕು.

ಗದಗ, ಮುಂಡರಗಿ, ಸವಣೂರು ಕಡೆಯಿಂದ ಗೋವಾಕ್ಕೆ ದುಡಿಯಲು ಹೋಗುವ ತಂದೆಯರ ಪಾಡು ಇನ್ನೊಂದು. ಕಾರ್ಡು ಊರಿನಲ್ಲಿ, ಹೊಟ್ಟೆ ಗೋವಾದಲ್ಲಿ. ಒಂದು ದೇಶ ಒಂದು ಪಡಿತರ ಚೀಟಿ ವ್ಯವಸ್ಥೆಯಲ್ಲಿ ಕರ್ನಾಟಕ ಮತ್ತು ಗೋವಾ ಎರಡೂ 2020ರಿಂದಲೇ ಸೇರಿವೆ. ಆಧಾರ್ ಜೋಡಣೆಯಾಗಿದ್ದರೆ ತಂದೆ ತನ್ನ ಪಾಲನ್ನು ಅಲ್ಲಿನ ನ್ಯಾಯಬೆಲೆ ಅಂಗಡಿಯಲ್ಲಿ ಪಡೆಯಬಹುದು, ಉಳಿದದ್ದನ್ನು ಹೆಂಡತಿ-ಮಕ್ಕಳು ಊರಿನಲ್ಲಿ ಪಡೆಯಬಹುದು. ಅಲ್ಲಿ ಸಿಗುವುದು ಕೇಂದ್ರದ ಕಾಯ್ದೆಯ 5 ಕಿಲೋ ಮಾತ್ರ, ನಮ್ಮ ರಾಜ್ಯ ಕೊಡುವ ಹೆಚ್ಚುವರಿ ಅಲ್ಲ. ಅಷ್ಟಾದರೂ ತಿಂಗಳಿಗೆ ಒಂದಿಷ್ಟು ಹಣ ಉಳಿದು ಊರಿಗೆ ಬರುತ್ತದೆ. ಇದನ್ನು ಹೊರಡುವ ಮೊದಲೇ ಊರಿನ ನ್ಯಾಯಬೆಲೆ ಅಂಗಡಿಯಲ್ಲಿ ಹೇಳಿ ಕಳಿಸಬೇಕು.

ಎರಡೂ ದೇಶಗಳು ಸಮಾನವಾಗಿ ಮರೆತಿರುವ ಒಂದು ಸಂಗತಿಯಿದೆ. ಅಕ್ಕಿ ಸಿಕ್ಕ ಮಾತ್ರಕ್ಕೆ ಊಟವಾಗುವುದಿಲ್ಲ. ಸ್ನ್ಯಾಪ್ ಕಾರ್ಡಿನಲ್ಲಿ ಸಾಮಾನ್ಯವಾಗಿ ಬಿಸಿ ಆಹಾರ ಕೊಳ್ಳುವಂತಿಲ್ಲ. ನಮ್ಮ ಪಡಿತರದಲ್ಲಿಯೂ ಸಿಗುವುದು ಧಾನ್ಯವೇ. ಸಂಜೆ ಏಳಕ್ಕೆ ಮೈ ನೋಯಿಸಿಕೊಂಡು ಬರುವ ಹಮಾಲಿ ಒಲೆ ಹಚ್ಚಿ ರೊಟ್ಟಿ ಬಡಿಯುವ ಹೊತ್ತಿಗೆ ಮಕ್ಕಳು ಬರಿ ಹೊಟ್ಟೆಯಲ್ಲಿ ಮಲಗಿರುತ್ತಾರೆ. ಶಾಲೆ ಇರುವ ದಿನ ಮಧ್ಯಾಹ್ನದ ಬಿಸಿಯೂಟ ಕೈ ಹಿಡಿಯುತ್ತದೆ. ಏಪ್ರಿಲ್-ಮೇ ತಿಂಗಳ ರಜೆಯಲ್ಲಿ ಅದೂ ಇಲ್ಲ. ಬರಪೀಡಿತ ತಾಲ್ಲೂಕುಗಳಲ್ಲಿ ರಜೆಯಲ್ಲಿಯೂ ಬಿಸಿಯೂಟ ನಡೆಸಿದ ಅನುಭವ ನಮ್ಮ ರಾಜ್ಯಕ್ಕೆ ಇದೆ. ಮಳೆ ಬಂದ ವರ್ಷ ತಾಯಿಯಿಲ್ಲದ ಮಗುವಿಗೆ ಹಸಿವಾಗುವುದಿಲ್ಲ ಎಂದೇನೂ ಇಲ್ಲ.

ನ್ಯಾಯಬೆಲೆ ಅಂಗಡಿಯ ಫಲಕದಲ್ಲಿ, ಅಂಗನವಾಡಿಯ ಗೋಡೆಯ ಮೇಲೆ ‘ತಂದೆಯರೂ ಬರಬಹುದು’ ಎಂದು ಎರಡು ಪದ ಬರೆಸಲು ಬಜೆಟ್ ಬೇಕಿಲ್ಲ. ಪಡಿತರದ ದೂರಿಗೆ 1967 ಎಂಬ ಸಹಾಯವಾಣಿ ಈಗಲೇ ಇದೆ. ಅಂಗನವಾಡಿ, ಬಿಸಿಯೂಟ, ಕ್ಯಾಂಟೀನು, ಮಠಗಳ ದಾಸೋಹದ ಸಮಯ ಎಲ್ಲವನ್ನೂ ಅದೇ ಸಂಖ್ಯೆಯಲ್ಲಿ ಹೇಳುವಂತಾದರೆ ನಮ್ಮದೇ 211 ಆಗುತ್ತದೆ.

ಮಠಗಳಿಗೂ ನನ್ನದೊಂದು ವಿನಂತಿ. ಅಲ್ಲಿ ದೊಡ್ಡ ಅಡುಗೆಮನೆಗಳಿವೆ, ಕೈಗಳಿವೆ, ಕೊಡುವ ಭಕ್ತರಿದ್ದಾರೆ. ಸಂಜೆ ಕೆಲಸ ಮುಗಿಸಿ ಬರುವ ತಂದೆ ಡಬ್ಬಿ ತಂದರೆ ಮನೆಯಲ್ಲಿರುವ ಮಕ್ಕಳ ಪಾಲನ್ನು ತುಂಬಿಸಿಕೊಡುವ ಒಂದು ಕಿಟಕಿಯನ್ನು ತೆರೆಯಲಿ. ಹೊರನಾಡಿನಲ್ಲಿರುವ ನಾವು ಜಾತ್ರೆಗೆ, ತೇರಿಗೆ ಹಣ ಕಳಿಸುತ್ತಲೇ ಇದ್ದೇವೆ. ಆ ಕಿಟಕಿಯ ಖರ್ಚನ್ನು ಕೇಳಿದರೆ ಅದನ್ನೂ ಕಳಿಸುತ್ತೇವೆ.