ಕ್ವಾರ್ಟರು, ಹಾಫು, ಫುಲ್ಲು ಮತ್ತು ನಮ್ಮ ಮಾವ

ತಪ್ಪು ನನ್ನದೇ. ಹನಿ ಮುಟ್ಟದ, ವೈನ್ ಶಾಪ್ ಕಂಡರೆ ರಸ್ತೆಯ ಆಚೆ ಬದಿಗೆ ದಾಟಿಬಿಡುವ ನಮ್ಮ ಮಾವನವರ ಹೆಸರು ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಒಂದೇ ಬೆಳಗ್ಗೆ ಕೆಟ್ಟುಹೋಯಿತಲ್ಲ, ಅದಕ್ಕೆ ಮೂಲ ನಾನು ಅವರನ್ನು ಪಕ್ಕದ ಮನೆಯ ಗ್ಯಾರೇಜಿಗೆ ಕರೆದುಕೊಂಡು ಹೋದದ್ದು.

ನಾವಿರುವುದು ಮಿಷಿಗನ್ ರಾಜ್ಯದ ಆನ್ ಆರ್ಬರ್‌ನಲ್ಲಿ. ವಿಶ್ವವಿದ್ಯಾಲಯದ ಊರು. ಊರಿನ ಜನಸಂಖ್ಯೆ ಒಂದು ಲಕ್ಷ ಇಪ್ಪತ್ತು ಸಾವಿರದ ಆಸುಪಾಸು, ಇಲ್ಲಿಯ ವಿಶ್ವವಿದ್ಯಾಲಯ ತಂಡದ ಫುಟ್‌ಬಾಲ್ (ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಫುಟ್‌ಬಾಲ್) ಸ್ಟೇಡಿಯಮ್ಮಿನಲ್ಲಿ ಕೂರಬಹುದಾದವರು 1,07,601. ಊರಿಗೆ ಊರೇ ಒಳಗೆ ಹೋಗಿ ಕೂತರೆ ಮನೆ ಕಾಯಲು ಒಂದು ಹಿಡಿ ಜನ ಉಳಿದಾರು. ಹಾಗೆ ಉಳಿದವರಲ್ಲಿ ನಾವೂ ಒಬ್ಬರು, ಪಕ್ಕದ ಮನೆಯ ಅಜ್ಜನೂ ಒಬ್ಬ. ಕಾರು ಕಾರ್ಖಾನೆಯಿಂದ ನಿವೃತ್ತನಾದ ಅವನಿಗೆ ಮೊಣಕಾಲು ಕೈಕೊಟ್ಟ ಮೇಲೆ ಸ್ಟೇಡಿಯಮ್ಮಿನ ಮೆಟ್ಟಿಲು ಹತ್ತಲಾಗದು. ಹಾಗಾಗಿ ಗ್ಯಾರೇಜಿನಿಂದ ಎರಡು ಕಾರುಗಳನ್ನೂ ಹೊರಗೆ ಹಾಕಿ, ಗೋಡೆಯಗಲದ ಟಿವಿ, ಹೀಟರು, ಎಂಟು ಮಡಚು ಕುರ್ಚಿ ಇಟ್ಟುಕೊಂಡು ಪ್ರತಿ ಶನಿವಾರ ಅಲ್ಲೇ ಪೀಠ ಹಾಕುತ್ತಾನೆ.

ಆ ಪೀಠದ ಎದುರು ನಾನು ಮೊದಲ ವರ್ಷವೇ ಮಾನ ಕಳೆದುಕೊಂಡಿದ್ದೆ. ಹೊಸಬ, ಏನಾದರೂ ತಿಳಿದವನ ಹಾಗೆ ಮಾತಾಡಬೇಕಲ್ಲ. "ನಿಮ್ಮ ಮಿಷಿಗನ್ ತಂಡದ ಸಾರ್ವಕಾಲಿಕ ಶ್ರೇಷ್ಠ ಅಂದರೆ ಟಾಮ್ ಬ್ರೇಡಿಯೇ ಅಲ್ಲವೇ?" ಅಂದೆ. ಗ್ಯಾರೇಜು ತಣ್ಣಗಾಯಿತು. ಯಾರೋ ಚಿಪ್ಸು ಅಗಿಯುವುದನ್ನೂ ನಿಲ್ಲಿಸಿದರು. ಮುಂದೆ ವೃತ್ತಿಪರ ತಂಡಗಳ ಫೈನಲ್ಲಾದ ಸೂಪರ್ ಬೌಲ್‌ಗಳನ್ನು ರಾಶಿ ಹಾಕಿಕೊಂಡ ಬ್ರೇಡಿ ಇಲ್ಲಿಗೆ ಬಂದಾಗ, ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್‌ಗಳ ಸರತಿಯಲ್ಲಿ ಏಳನೆಯವನಂತೆ. 1999ರಲ್ಲಿ, ಅವನ ಕೊನೆಯ ವರ್ಷದಲ್ಲೂ, ಡ್ರೂ ಹೆನ್ಸನ್ ಎಂಬ ಕಿರಿಯನ ಜೊತೆ ಆಟ ಹಂಚಿಕೊಳ್ಳಬೇಕಾಯಿತಂತೆ. 2000ದಲ್ಲಿ ವೃತ್ತಿಪರ ತಂಡಗಳು ಆಟಗಾರರನ್ನು ಆರಿಸಿಕೊಳ್ಳುವಾಗ 198 ಜನರ ಹೆಸರು ಕೂಗಿ ಮುಗಿದ ಮೇಲೆ ಅವನದು ಬಂದದ್ದು. "ಇಲ್ಲಿಂದ ಹೋದ ಮೇಲೆ ದೊಡ್ಡವನಾದ. ಇಲ್ಲಿದ್ದಾಗ ಪರವಾಗಿಲ್ಲ ಅನ್ನುವಂತಿದ್ದ" ಎಂದು ಅಜ್ಜ ತೀರ್ಪು ಕೊಟ್ಟ. ಹಿತ್ತಲ ಗಿಡ ಮದ್ದಲ್ಲ ಅನ್ನುವುದಕ್ಕೆ ಅಮೆರಿಕದಲ್ಲೂ ಸಾಕ್ಷಿ ಸಿಕ್ಕಿತು. ಅಂದಿನಿಂದ ನಾನು ಆ ಗ್ಯಾರೇಜಿನಲ್ಲಿ ಬಾಯಿಗೆ ಚಿಪ್ಸು ತುಂಬಿಕೊಂಡೇ ಕೂರುವುದು.

2023ರ ನವೆಂಬರ್ 25. ಪಕ್ಕದ ರಾಜ್ಯದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ತಂಡ ನಮ್ಮೂರಿಗೆ ಬರುವ ದಿನ. ಈ ಎರಡು ರಾಜ್ಯಗಳ ಹಗೆ ಫುಟ್‌ಬಾಲಿಗಿಂತ ಹಳೆಯದು. 1835ರಲ್ಲಿ ಟೊಲಿಡೊ ಎಂಬ ಊರಿಗಾಗಿ ಇಬ್ಬರೂ ದಂಡು ಕಟ್ಟಿಕೊಂಡು ನಿಂತಿದ್ದರು. ಊರು ಓಹಾಯೊಗೆ ಹೋಯಿತು, ಸಮಾಧಾನಕ್ಕೆ ಮಿಷಿಗನ್‌ಗೆ ಉತ್ತರದ ಕಾಡು ಸಿಕ್ಕಿತು. ನಾನು ಬೆಳಗಾವಿಯವನು, ಗಡಿ ತಕರಾರು ನನಗೆ ಬಿಡಿಸಿ ಹೇಳಬೇಕಿಲ್ಲ. ಆದರೆ ಓಹಾಯೊದವರು ಈ ಮ್ಯಾಚಿನ ವಾರ ತಮ್ಮ ಕ್ಯಾಂಪಸ್ಸಿನ ಬೋರ್ಡುಗಳ ಮೇಲಿನ 'ಎಂ' ಅಕ್ಷರಕ್ಕೆಲ್ಲ ಕೆಂಪು ಪಟ್ಟಿ ಅಂಟಿಸಿ ಹೊಡೆದುಹಾಕುತ್ತಾರೆಂದು ಕೇಳಿದಾಗ ನನಗೂ ಬೆರಗಾಯಿತು. ನಮ್ಮಲ್ಲಿ ಇಡೀ ಬೋರ್ಡಿಗೇ ಮಸಿ ಬಳಿಯುತ್ತಾರೆ. ಹೀಗೆ ಅಕ್ಷರ ಆರಿಸಿ ಹೊಡೆಯುವ ತಾಳ್ಮೆ ಯಾರಿಗಿದೆ?

ಆಗ ನಮ್ಮಲ್ಲಿಗೆ ಬಂದಿದ್ದ ಮಾವನವರನ್ನೂ ಅಜ್ಜ ಕರೆದಿದ್ದ. ಅವರು ಹೊರಟುಬಂದದ್ದು ಹಿಂದಿನ ವಾರ ರಾಜ್ಯೋತ್ಸವದಲ್ಲಿ ಹೊದಿಸಿದ ಹಳದಿ ಕೆಂಪು ಶಲ್ಯ ಹೊದ್ದು. ಚಳಿ ಸೊನ್ನೆಯ ಹತ್ತಿರ, ಬೇಡವೆನ್ನಲು ಬಾಯಿ ಬರಲಿಲ್ಲ. ಗ್ಯಾರೇಜಿನ ಬಾಗಿಲಲ್ಲೇ ಎಡವಟ್ಟಾಯಿತು. ಹಳದಿ ಮಿಷಿಗನ್ ಬಣ್ಣ, ಕೆಂಪು ಓಹಾಯೊದ್ದು. ಅಜ್ಜನ ಅಳಿಯ ಓಹಾಯೊದಲ್ಲಿ ಓದಿದವನು, ಆ ಗ್ಯಾರೇಜಿನ ಏಕೈಕ ವಿರೋಧ ಪಕ್ಷ. ಅವನು ಎದ್ದು ಬಂದು ಮಾವನವರನ್ನು ಕೆಂಪಿನ ಕಡೆಯಿಂದ ತಬ್ಬಿಕೊಂಡ. ಅಜ್ಜ ಹಳದಿಯ ಕಡೆಯಿಂದ ಕೈ ಹಿಡಿದೆಳೆದ. ಕನ್ನಡಾಂಬೆಯ ಶಲ್ಯ ನಡುವೆ ಸಿಕ್ಕಿ ಜಗ್ಗಾಡಿತು. ಕೊನೆಗೆ ಮಾವನವರೇ ಅದನ್ನು ಹಳದಿ ಮಾತ್ರ ಕಾಣುವಂತೆ ಮಡಚಿ ಹೆಗಲಿಗೇರಿಸಿದರು. ಯಾಕೆಂದರೆ ಮಿಷಿಗನ್‌ನವರು ತಮ್ಮ ಹಳದಿಯನ್ನು ಹಳದಿ ಅನ್ನುವುದಿಲ್ಲ, 'ಮೇಜ್' ಅನ್ನುತ್ತಾರೆ. "ಮೇಜ್ ಅಂದ್ರೆ ಮೆಕ್ಕೆಜೋಳ ಅಲ್ಲೇನಪ್ಪಾ? ಹಂಗಾದ್ರೆ ಇದು ನಮ್ಮ ದಾವಣಗೆರೆ ಟೀಮು" ಎಂದು ಅವರು ಕೂತಲ್ಲೇ ಪಕ್ಷ ಆರಿಸಿಕೊಂಡರು.

ಆಟ ಶುರುವಾಗುವ ಮೊದಲು ಅಲ್ಲಿ ಒಂದು ಗಂಟೆ ಚರ್ಚೆ ನಡೆಯುತ್ತದೆ. ಯಾರು ಯಾವ ಜಾಗದಲ್ಲಿ ನಿಲ್ಲಬೇಕು, ಯಾವ ಕಾಲದವನು ಯಾವ ಜಾಗಕ್ಕೆ ಶ್ರೇಷ್ಠ ಎಂಬ ಜಿಜ್ಞಾಸೆ. ಮಾವನವರಿಗೆ ಅರ್ಥವಾಗಲೆಂದು ನಾನು ಪಿಸುದನಿಯಲ್ಲಿ ಪಾಠ ಆರಂಭಿಸಿದೆ. ಮೊದಲು ಕ್ವಾರ್ಟರ್‌ಬ್ಯಾಕ್.

"ಕ್ವಾರ್ಟರಾ?" ಮಾವನವರ ಹುಬ್ಬೇರಿತು.

"ಹೌದು. ಹಿಂದೆ ಹಾಫ್‌ಬ್ಯಾಕ್. ಅವನ ಹಿಂದೆ ಫುಲ್‌ಬ್ಯಾಕ್."

"ಕ್ವಾರ್ಟರು, ಹಾಫು, ಫುಲ್ಲು." ಅಜ್ಜನ ಕೈಯಲ್ಲಿದ್ದ ಬಿಯರ್ ಡಬ್ಬಿಯನ್ನೊಮ್ಮೆ ನೋಡಿದರು. "ಆಮೇಲೆ?"

ನನಗೆ ಮುಂದಿನದು ಹೇಳದೆ ವಿಧಿಯಿರಲಿಲ್ಲ. "ಸಾಲಿನ ಕೊನೆಗೆ ಟೈಟ್ ಎಂಡ್."

"ಆಗದೇ ಇರ್ತದಾ!" ಎಂದರು ಮಾವನವರು.

ಆದರೆ ಅವರು ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರಾಗಿದ್ದವರು. ಇವು ಬಾಟಲಿಯ ಅಳತೆಯಲ್ಲ, ಸಾಲಿನಿಂದ ಎಷ್ಟು ಹಿಂದೆ ನಿಲ್ಲುತ್ತಿದ್ದರು ಎಂಬುದರ ಕಾಲು, ಅರ್ಧ, ಪೂರ್ತಿ ಲೆಕ್ಕ ಎಂದು ತಿಳಿದ ಕ್ಷಣ ಮುಖ ಅರಳಿತು. ಡಿಫೆನ್ಸಿನಲ್ಲಿ ಹೆಚ್ಚುವರಿಯಾಗಿ ಇಳಿಸುವ ಐದನೆಯ ಹಿಂದಾಳಿಗೆ ಐದು ಸೆಂಟಿನ ನಾಣ್ಯದ ಹೆಸರಲ್ಲಿ ನಿಕಲ್ ಬ್ಯಾಕ್ ಅನ್ನುತ್ತಾರೆ ಎಂಬುದನ್ನೂ ಮೆಚ್ಚಿದರು. ಆರನೆಯವನು ಡೈಮ್ ಬ್ಯಾಕ್ ಎಂದಾಗ ಮಾತ್ರ ಸಿಡಿಮಿಡಿಗೊಂಡರು. ಡೈಮ್ ಅಂದರೆ ಹತ್ತು ಸೆಂಟು. "ಆರಕ್ಕೆ ಹತ್ತು ಹೆಂಗಾತು? ಮಾರ್ಕ್ಸ್ ಕಟ್."

ಹಾಫ್‌ಬ್ಯಾಕ್, ಟೇಲ್‌ಬ್ಯಾಕ್, ರನ್ನಿಂಗ್ ಬ್ಯಾಕ್ ಇವುಗಳ ವ್ಯತ್ಯಾಸ ಕೇಳಿದರು. ಅಳಿಯ ಅಲ್ಲ, ಮಗಳ ಗಂಡ ಎಂದು ಹೇಳಿ ಮುಗಿಸಿದೆ.

ಅತ್ತ ಅಜ್ಜನ ಮಗ ಡೆನಾರ್ಡ್ ರಾಬಿನ್‌ಸನ್ ವಿಷಯ ಎತ್ತಿದ್ದ. ಶೂ ಲೇಸೇ ಕಟ್ಟದೆ ಮಿಂಚಿನ ಹಾಗೆ ಓಡುತ್ತಿದ್ದ ಕ್ವಾರ್ಟರ್‌ಬ್ಯಾಕ್. ಅಡ್ಡಹೆಸರೇ ಶೂಲೇಸ್. ಅವನು ನಿಜಕ್ಕೂ ಕ್ವಾರ್ಟರ್‌ಬ್ಯಾಕೋ, ಜಾಗ ತಪ್ಪಿ ನಿಂತ ರನ್ನಿಂಗ್ ಬ್ಯಾಕೋ? ವೃತ್ತಿಪರ ತಂಡ ಅವನನ್ನು ಓಡುವುದಕ್ಕೇ ಇಟ್ಟುಕೊಂಡಿತಲ್ಲ ಎಂದು ಒಬ್ಬ, ಇವರಿಗೆ ಕಣ್ಣಿಲ್ಲ ಎಂದು ಇನ್ನೊಬ್ಬ. ಅಳಿಯ ತನ್ನ ಕಡೆಯಿಂದ ಆರ್ಚಿ ಗ್ರಿಫಿನ್‌ನನ್ನು ತಂದಿಟ್ಟ. 1974 ಮತ್ತು 1975, ಎರಡು ವರ್ಷ ಸತತವಾಗಿ ಹೈಸ್‌ಮನ್ ಟ್ರೋಫಿ, ಕಾಲೇಜು ಫುಟ್‌ಬಾಲಿನ ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವುದು. ಹಾಗೆ ಎರಡು ಸಲ ಗೆದ್ದವನು ಬೇರೆ ಯಾರೂ ಇಲ್ಲ. ಅದು ಸಾಲದೆಂದು ಆರ್ಲಾಂಡೊ ಪೇಸ್‌ನನ್ನೂ ಕರೆತಂದ. ಎದುರಾಳಿಯನ್ನು ನೆಲಕ್ಕೆ ಚಪ್ಪಟೆಯಾಗಿ ಮಲಗಿಸುತ್ತಿದ್ದ ಆಫೆನ್ಸಿವ್ ಟ್ಯಾಕಲ್. ಆ ಪೆಟ್ಟಿಗೆ ಪ್ಯಾನ್‌ಕೇಕ್ ಎಂದೇ ಹೆಸರು. 1996ರಲ್ಲಿ ಅವನ ಪರ ಪ್ರಚಾರಕ್ಕೆ ಓಹಾಯೊದವರು ಪ್ಯಾನ್‌ಕೇಕ್ ಆಕಾರದ ಫ್ರಿಜ್ ಮ್ಯಾಗ್ನೆಟ್ ಹಂಚಿದ್ದರಂತೆ.

"ದೋಸೆ ಹಾಕಿದ ಅನ್ನು" ಎಂದರು ಮಾವನವರು. ಬೆಣ್ಣೆ ದೋಸೆಯ ಊರಿನವರು, ಒಂದೇ ಪದದಲ್ಲಿ ವಿಷಯ ಹಿಡಿದರು. "ಗೆದ್ದನಾ?"

ಇಲ್ಲ, ನಾಲ್ಕನೆಯ ಸ್ಥಾನ. ಟ್ಯಾಕಲ್, ಗಾರ್ಡ್, ಸೆಂಟರ್‌ಗಳಾದವರಿಗೆ ಆ ಟ್ರೋಫಿ ಇದುವರೆಗೆ ಒಮ್ಮೆಯೂ ಸಿಕ್ಕಿಲ್ಲ. ಚೆಂಡು ಹಿಡಿದು ಓಡುವವನ ದಾರಿಯಲ್ಲಿ ದೇಹ ಕೊಟ್ಟು ನಿಲ್ಲುವುದಷ್ಟೇ ಅವರ ಕೆಲಸ.

"ಮದುವೆಮನೆ ಉಗ್ರಾಣದೋರು" ಎಂದರು ಮಾವನವರು. "ಫೋಟೋದಾಗೆ ಬರಂಗಿಲ್ಲ."

ಅಷ್ಟರಲ್ಲಿ ಅಜ್ಜ ತನ್ನ ತುರುಪಿನೆಲೆ ಎಸೆದ. ಮಿಷಿಗನ್‌ನ ಚಾರ್ಲ್ಸ್ ವುಡ್‌ಸನ್, ಡಿಫೆನ್ಸಿನ ಅಂಚು ಕಾಯುವ ಕಾರ್ನರ್‌ಬ್ಯಾಕ್. ಡಿಫೆನ್ಸಿನವನೊಬ್ಬ ಹೈಸ್‌ಮನ್ ಗೆದ್ದದ್ದು 1997ರಲ್ಲಿ, ಅದೇ ಮೊದಲು. ಹಿಂದೆ ಬಿದ್ದವನು ಟೆನೆಸ್ಸಿಯ ಕ್ವಾರ್ಟರ್‌ಬ್ಯಾಕ್ ಪೇಟನ್ ಮ್ಯಾನಿಂಗ್. ಅಳಿಯ ತಕರಾರು ತೆಗೆದ: ವುಡ್‌ಸನ್ ಗೆದ್ದದ್ದು ಕಾರ್ನರ್‌ನಲ್ಲಿ ನಿಂತದ್ದಕ್ಕಲ್ಲ, ಆಗಾಗ ಆಫೆನ್ಸಿಗೂ ಹೋಗಿ ಚೆಂಡು ಹಿಡಿದದ್ದಕ್ಕೆ, ಎದುರಾಳಿ ದೂರಕ್ಕೆ ಒದ್ದ ಚೆಂಡನ್ನು (ಪಂಟ್) ಹಿಡಿದು ತಿರುಗಿ ಓಡಿದ್ದಕ್ಕೆ. ಅಂದಮೇಲೆ ಅವನನ್ನು ಕಾರ್ನರ್ ಅಂತ ಹೇಗೆ ಲೆಕ್ಕ ಹಿಡಿಯುತ್ತೀರಿ?

ನಮ್ಮ ಮಾವನವರು ಕುರ್ಚಿಯಿಂದ ಎದ್ದರು. ನನ್ನ ಎದೆ ಧಸಕ್ಕೆಂದಿತು. ಕಾಲೇಜಿನ ಕಬಡ್ಡಿ ತಂಡದಲ್ಲಿ ಅವರು ರೈಟ್ ಕಾರ್ನರ್ ಆಗಿದ್ದರೆಂದು ಮದುವೆಯಾದ ಹೊಸತರಲ್ಲೇ ಮೂರು ಸಲ ಕೇಳಿದ್ದೆ, ನೆನಪಿರಲಿಲ್ಲ.

"ಕಾರ್ನರ್ ಈಸ್ ಕಾರ್ನರ್" ಎಂದರು ಮಾವನವರು, ತರಗತಿಯ ಇಂಗ್ಲಿಷಿನಲ್ಲಿ. ಆಮೇಲೆ ಗ್ಯಾರೇಜಿನ ಸಿಮೆಂಟಿನ ಮೇಲೆ ಏಳು ಬಿಯರ್ ಡಬ್ಬಿ ಸಾಲಾಗಿ ಇಟ್ಟು (ಜೀವಮಾನದಲ್ಲಿ ಮೊದಲ ಸಲ ಮುಟ್ಟಿದ್ದು) ಕಬಡ್ಡಿಯ ಕಾರ್ನರ್, ಇನ್, ಕವರ್, ಸೆಂಟರ್ ವಿವರಿಸಿದರು. ಇಲ್ಲಿ ಹಿಡಿಯುವವನೇ ಬೇರೆ, ದಾಳಿಗೆ ಹೋಗುವವನೇ ಬೇರೆ ಎಂಬುದಿಲ್ಲ. ರೇಡ್‌ಗೆ ಹೋಗಿಬಂದವನು ತಿರುಗಿ ತನ್ನ ಮೂಲೆ ಕಾಯಬೇಕು. ಹಾಗೆಂದು ಅವನು ಕಾರ್ನರ್ ಅಲ್ಲದೇ ಹೋಗುತ್ತಾನೆಯೇ? ನಿಮ್ಮಲ್ಲೂ ಹಿಂದೆ ಹೀಗೇ ಇದ್ದಿರಬೇಕಲ್ಲ ಎಂದು ಅಜ್ಜನನ್ನೇ ಕೇಳಿದರು. ಅಜ್ಜನ ಕಣ್ಣು ತೇವವಾಯಿತು. ಮಿಷಿಗನ್‌ನ ಟಾಮ್ ಹಾರ್ಮನ್ ಕಾಲದಲ್ಲಿ ಹಾಗೇ ಇತ್ತು. 1940ರಲ್ಲಿ ಅವನು ಓಹಾಯೊ ಮೇಲೆ ಅವರದೇ ನೆಲದಲ್ಲಿ ಓಡಿದ, ಎಸೆದ, ಒದ್ದ, ತಡೆದ. ಫಲಿತಾಂಶ 40-0. ಓಹಾಯೊದ ಜನವೇ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಇದನ್ನೆಲ್ಲ ಅಜ್ಜ ಅಳಿಯನ ಮುಖ ನೋಡಿಕೊಂಡೇ ಹೇಳಿದ. ಮಾವಂದಿರಿಬ್ಬರೂ ಒಂದಾಗಿದ್ದರು. ಅಳಿಯಂದಿರಿಬ್ಬರೂ ಚಿಪ್ಸಿಗೆ ಕೈಹಾಕಿದೆವು.

ಆಟ ಶುರುವಾಯಿತು. ಮಾವನವರಿಗೆ ಹೀಟರಿನ ಬಿಸಿ ಆಗದು, ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತಿದ್ದರು. ಹತ್ತು ನಿಮಿಷ ಕಳೆದಿರಬಹುದು. ಇದ್ದಕ್ಕಿದ್ದಂತೆ, "ಈಗ ಮೆಕ್ಕೆಜೋಳದೋರಿಗೆ ಪಾಯಿಂಟ್ ಬರ್ತದೆ" ಎಂದರು. ಟಿವಿಯಲ್ಲಿ ಇನ್ನೂ ಆಟಗಾರರು ಬಗ್ಗಿ ನಿಂತಿದ್ದರು. ಅರ್ಧ ನಿಮಿಷಕ್ಕೆ ಟಚ್‌ಡೌನ್, ಅಂದರೆ ಚೆಂಡು ಕೊನೆಯ ಗೆರೆ ದಾಟಿತು. ಕಾಕತಾಳೀಯವೆಂದುಕೊಂಡೆವು. ಇನ್ನೊಂದು ಸಲ, "ಈ ಸಲ ಕೆಂಪಿನೋರದು" ಎಂದರು, ಹಾಗೇ ಆಯಿತು. ಅಜ್ಜ ನನ್ನ ಹತ್ತಿರ ಬಗ್ಗಿ, "ಇವರು ಕೋಚ್ ಆಗಿದ್ದವರೇ?" ಎಂದು ಕೇಳಿದ. ಲೆಕ್ಕದ ಮೇಷ್ಟ್ರು ಎಂದೆ. ಅಂಕಿಗಳಿಂದ ಭವಿಷ್ಯ ಹೇಳುತ್ತಾರೆಂದು ತಿಳಿದು ಭಕ್ತಿಯಿಂದ ತಲೆಯಾಡಿಸಿದ.

ಗುಟ್ಟು ನನಗೆ ಹೊಳೆದದ್ದು ಅರ್ಧ ಆಟ ಮುಗಿದ ಮೇಲೆ. ಸ್ಟೇಡಿಯಂ ಒಂದು ಮೈಲಿ ದೂರ. ಅಲ್ಲಿಯ ಲಕ್ಷ ಜನರ ಕೂಗು ಬಾಗಿಲ ಸಂದಿಯಿಂದ ಐದು ಸೆಕೆಂಡಿನಲ್ಲಿ ಬಂದುಬಿಡುತ್ತದೆ. ಅಜ್ಜನ ಟಿವಿ ಇಂಟರ್ನೆಟ್ಟಿನದು, ಅದೇ ದೃಶ್ಯ ಅದಕ್ಕೆ ತಲುಪುವುದು ಅರ್ಧ ನಿಮಿಷ ತಡವಾಗಿ. ಕೂಗು ಎದ್ದರೆ ಹಳದಿ, ತಟ್ಟನೆ ಸತ್ತರೆ ಕೆಂಪು. ಹೀಟರಿನ ಗೊರ್ ಸದ್ದಿನಲ್ಲಿ ನಮಗದು ಕೇಳಿಸುತ್ತಿರಲಿಲ್ಲ. ನಾನು ಬಾಯಿಬಿಡಲಿಲ್ಲ. ಹುಟ್ಟಿದಂದಿನಿಂದ ಅಳಿಯನಾಗಿ ಒಂದು ಒಳ್ಳೆಯ ಕೆಲಸ ಮಾಡಿದ್ದರೆ ಇದೇ.

ಮೂರನೆಯ ಭಾಗದಲ್ಲಿ ಒಮ್ಮೆ ಮಾವನವರು ಭವಿಷ್ಯ ನುಡಿಯಲಿಲ್ಲ. ಕಿವಿ ಬಾಗಿಲ ಕಡೆ ಇಟ್ಟು, "ಏನೋ ಆಗೇತಿ ಅಲ್ಲಿ" ಎಂದಷ್ಟೇ ಅಂದರು. ಆಮೇಲೆ ಟಿವಿಯಲ್ಲಿ ಕಂಡಿತು. ಮಿಷಿಗನ್‌ನ ಗಾರ್ಡ್ ಜಾಗದಲ್ಲಿ ಆಡುತ್ತಿದ್ದ ಜ್ಯಾಕ್ ಜಿಂಟರ್, 65ನೇ ನಂಬರಿನವನು, ಕಾಲು ಮುರಿದುಕೊಂಡು ಬಿದ್ದಿದ್ದ. ಇಡೀ ಸ್ಟೇಡಿಯಂ ಉಸಿರು ಹಿಡಿದಿತ್ತು. ತಂಡವೆಲ್ಲ ಸುತ್ತ ನಿಂತು ಅವನನ್ನು ಗಾಡಿಯಲ್ಲಿ ಕಳಿಸಿಕೊಟ್ಟಿತು. ಮರು ಆಟಕ್ಕೇ ಅವನ ಜೊತೆಗಾರ ಬ್ಲೇಕ್ ಕೋರಮ್ ಚೆಂಡು ಹಿಡಿದು 22 ಗಜ ಓಡಿ ಟಚ್‌ಡೌನ್ ಮಾಡಿದ, ಬೆರಳುಗಳಲ್ಲಿ 6 ಮತ್ತು 5 ತೋರಿಸಿದ. ಆ ಕೂಗೂ ಮಾವನವರಿಗೆ ನಮಗಿಂತ ಮೊದಲೇ ಕೇಳಿಸಿರಬೇಕು. ಸುಮ್ಮನಿದ್ದರು. ಅಳಿಯ ಕೂಡ, ಓಹಾಯೊದವನು, ತಕರಾರಿಲ್ಲದೆ ಟೋಪಿ ತೆಗೆದು ಕೂತಿದ್ದ. "ಉಗ್ರಾಣದೋನು" ಎಂದರು ಮಾವನವರು ಬಹಳ ಹೊತ್ತಿನ ಮೇಲೆ.

ಮಿಷಿಗನ್ 30-24ರಿಂದ ಗೆದ್ದಿತು. ಅಜ್ಜ ಮಾವನವರಿಗೆ ತನ್ನ ಹಳೆಯ ಟೋಪಿ ಕೊಟ್ಟ, ಮಾವನವರು ಶಲ್ಯ ಹೊದಿಸಿದರು, ಕೆಂಪು ಒಳಗೆ ಮಡಚಿ. ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು.

ರಾತ್ರಿ ಎಂಟಕ್ಕೆ, ಅಂದರೆ ದಾವಣಗೆರೆಯಲ್ಲಿ ಕಾರ್ತಿಕ ಮಾಸದ ಭಾನುವಾರ ಬೆಳಗಿನ ಆರೂವರೆಗೆ, ಮಾವನವರು ಸಂತೋಷ ತಡೆಯಲಾರದೆ ಬಂಧುಬಳಗದ ವಾಟ್ಸಾಪ್ ಗುಂಪಿಗೆ ಧ್ವನಿ ಸಂದೇಶ ಕಳಿಸಿದರು. ಫುಟ್‌ಬಾಲ್ ಎಂಬ ಪದ ಅದರಲ್ಲಿ ಎಲ್ಲೂ ಇರಲಿಲ್ಲ. "ಎಲ್ಲರಿಗೂ ನಮಸ್ಕಾರ. ಇವತ್ತು ಅಳಿಯಂದಿರು ಪಕ್ಕದ ಮನೆ ಗ್ಯಾರೇಜಿಗೆ ಕರ್ಕೊಂಡು ಹೋಗಿದ್ರು. ಮಧ್ಯಾಹ್ನದಿಂದ ಅಲ್ಲೇ. ಕ್ವಾರ್ಟರ್ ಇಲ್ಲದೆ ಇಲ್ಲಿ ಏನೂ ನಡಿಯಂಗಿಲ್ಲ. ಹಾಫ್ ಮಾತ್ರ ಭಾರಿ ಇತ್ತು! ಫುಲ್ ಈಗ ಇಡೋರೇ ಕಮ್ಮಿ ಅಂತೆ. ಕೊನಿಗೆ ಟೈಟ್. ಮುಂದಿನ ವರ್ಷ ಬಂದಾಗ ಇನ್ನೂ ಸರಿಯಾಗಿ ಕಲೀತೀನಿ."

ಏಳು ಗಂಟೆಯೊಳಗೆ ಅವರ ಅಣ್ಣ ವಿಡಿಯೋ ಕರೆ ಮಾಡಿ, ಏನೂ ಮಾತಾಡದೆ, ತಮ್ಮನ ಕಣ್ಣು ಕೆಂಪಾಗಿವೆಯೇ ಎಂದು ಒಂದು ನಿಮಿಷ ದಿಟ್ಟಿಸಿದರು. ಟೋಪಿ ಬೇರೆ ಓರೆಯಾಗಿತ್ತು. ಬೆಳಗಾವಿಯಿಂದ ನಮ್ಮಪ್ಪ ನನಗೆ ಫೋನ್ ಮಾಡಿ, "ಬೀಗರಿಗೆ ಕುಡಿಸಿದೀಯಂತಲ್ಲೋ" ಎಂದು ಶುರುಮಾಡಿದವರು ಅರ್ಧ ಗಂಟೆ ನಿಲ್ಲಿಸಲಿಲ್ಲ. ಅದು ನಿಲ್ಲುವ ಜಾಗಗಳ ಹೆಸರು ಎಂದು ತಿಳಿಸಲು ಹೋದೆ. "ಆಮೇಲೆ ನಿಲ್ಲಾಕಾದರೂ ಬರ್ತಿತ್ತೋ ಇಲ್ಲೋ?" ಎಂದರು.

ಮರುವರ್ಷ ಸೆಪ್ಟೆಂಬರಿನಲ್ಲಿ ಹೊಸ ಸೀಸನ್ ನಡೆಯುವಾಗ ಮಾವನವರು ದಾವಣಗೆರೆಯಲ್ಲಿದ್ದರು. ಮ್ಯಾಚಿನ ಹೊತ್ತಿಗೆ ಫೋನ್ ಬಂತು. ಫೋನನ್ನು ಗ್ಯಾರೇಜಿನ ಬಾಗಿಲ ಬಳಿಯ ಕುರ್ಚಿಯ ಮೇಲೆ ಇಡು ಎಂದರು, ಇಟ್ಟೆ. ಒಳಗೆ ಟಿವಿಯಲ್ಲಿ ಆಟಗಾರರು ಇನ್ನೂ ಬಗ್ಗಿ ನಿಂತಿದ್ದರು, ಕುರ್ಚಿಯಿಂದ ದಾವಣಗೆರೆ ಕೂಗಿತು, "ಪಾಯಿಂಟ್ ಬಂತು!" ಅಜ್ಜ ಕುರ್ಚಿಗೆ ಕೈಮುಗಿದ. ಅದರ ಹಿಂದಿನಿಂದಲೇ ಇನ್ನೊಂದು ದನಿ ಕೇಳಿಸಿತು, ಅವರ ಅಣ್ಣನದು: "ರಾತ್ರಿ ಹತ್ತು ಗಂಟೆ ಆತು, ಎಷ್ಟು ಹಾಕಿದೀಯಲೇ?"